ರಣಜಿ ಹಂಗಾಮು ಮತ್ತು ಚಹದ ಕಪ್ಪು

ಅಮೇರಿಕೆಯ ಬೇಸ್‌ಬಾಲ್ ಆಟದಲ್ಲಿ ಪ್ರಮುಖ ಕೂಟದ 30 ತಂಡಗಳಲ್ಲಿ ಪ್ರತಿಯೊಂದೂ ವರ್ಷಕ್ಕೆ 162 ಪಂದ್ಯಗಳನ್ನಾಡುತ್ತದೆ. ವಸಂತದಲ್ಲಿ ಮೊದಲಾದ ಆಟವು ಶರತ್ಕಾಲದವರೆಗೆ ಬಹುಮಟ್ಟಿಗೆ ದಿನಾಲೂ ನಡೆಯುವುದು. ಇಷ್ಟು ದೀರ್ಘವಾದ ಆಟವನ್ನು ಯಾರೂ ಉಸಿರು ಬಿಗಿಹಿಡಿದು ನೋಡಲಾರರು. ಆದುದರಿಂದ ಅಲ್ಲಿಯ ಪ್ರೇಕ್ಷಕನು ಆಟವನ್ನು ತನ್ನ ಸಂಜೆಯ ವಿರಾಮದಲ್ಲಿ ಬೆರೆಸಿಕೊಂಡನು. ಆ ವಿರಾಮದ ಪಾನೀಯವು ಬಿಯರು. ಈ ಸಂಬಂಧವು ಸುಲಭವಾಗಿ ಕೂಡಿಬಂದುದಲ್ಲ. 1880ರಲ್ಲಿ ಸಿನ್ಸಿನಾಟಿ ತಂಡವನ್ನು ನ್ಯಾಶನಲ್ ಲೀಗ್ ಹೊರಗೆ ಹಾಕಿದುದಕ್ಕೆ ಮೈದಾನದಲ್ಲಿ ಬಿಯರು ಮಾರಿದ್ದು ಒಂದು ಮುಖ್ಯ ಕಾರಣವಾಗಿದ್ದಿತು. 1882ರಲ್ಲಿ ಆಟವನ್ನಾರಂಭಿಸಿದ ಪ್ರತಿಸ್ಪರ್ಧಿ ಕೂಟವು ಬಿಯರಿಗೆ ಅನುಮತಿಯಿತ್ತಿತು. ವಿರೋಧಿಗಳು ಅದನ್ನು 'ಬಿಯರು-ವ್ಹಿಸ್ಕಿಗಳ ಕೂಟ'ವೆಂದು ಹಂಗಿಸಿದರು. ಅದರಲ್ಲಿದ್ದ ಸೇಂಟ್ ಲೂಯಿಸಿನ ತಂಡದ ಒಡೆಯ ಕ್ರಿಸ್ ವಾನ್ ಡರ್ ಆಹೆಯು ಸ್ವತಃ ಪಾನಗೃಹದ ಮಾಲೀಕನು. ಈಗ ಚಿಕ್ಕ ಚಿಕ್ಕ ಭಟ್ಟಿಗಳು ತಯಾರಿಸುವ ಊರೂರಿನ ಬಿಯರನ್ನು ಕೈಯಲ್ಲಿ ಹಿಡಿದು ತಮ್ಮೂರಿನ ತಂಡದ ಲೆಕ್ಕವಿಡುವುದು ಅಲ್ಲಿ ಒಂದು ಪ್ರತಿಷ್ಠೆಯ ಹವ್ಯಾಸವೇ ಆಗಿದೆ.

ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಇದಕ್ಕೆ ಸಮಾನವಾದುದನ್ನು ಹುಡುಕಹೊರಟರೆ ಕಣ್ಣಿಗೆ ಬೀಳುವುದು ರಣಜಿ ಟ್ರೋಫಿಯ ಪಂದ್ಯಗಳೂ ಚಹದಂಗಡಿಯೂ. ಇಲ್ಲಿ 'ಸೀಜನ್' ಎಂಬುದಕ್ಕೆ ಹಂಗಾಮು ಎಂಬ ನಮ್ಮ ಒಕ್ಕಲುತನದ ಮಾತನ್ನೇ ನಾವು ಬಳಸುತ್ತೇವೆ. ಅದು ಒಪ್ಪುತ್ತದೆ ಕೂಡ. ಹಿಂಗಾರಿ ಜೋಳ ಮೊಳಕೆಯೊಡೆಯುವ ಹೊತ್ತಿಗೆ, ಅಂದರೆ ಅಕ್ಟೋಬರದ ಸುಮಾರಿಗೆ, ರಣಜಿ ಆಟ ಮೊದಲಾಗುತ್ತದೆ. ಸುಗ್ಗಿಯ ಹೊತ್ತಿಗೆ ಮುಗಿಯುತ್ತ ಬರುತ್ತದೆ.

ಚಹವೇ ಏಕೆ ಎಂಬ ಪ್ರಶ್ನೆಗೆ ಉತ್ತರವು ಇತಿಹಾಸದಲ್ಲಿದೆ. ಹಳೆಯ ಮೈಸೂರು ಸೀಮೆಯು ಕಾಫಿಯ ನಾಡು. ಕಾಫಿಯ ತೋಟಗಳು ಅದರ ಮಗ್ಗುಲಲ್ಲಿಯೇ ಇದ್ದವು. ಧಾರವಾಡ ಜಿಲ್ಲೆಯಾದರೋ 1956ರ ವರೆಗೆ ಮುಂಬಯಿ ಆಡಳಿತದಲ್ಲಿದ್ದು, ಇಲ್ಲಿಯ ವ್ಯಾಪಾರವೂ ಉದ್ಯೋಗವೂ ರೈಲುಮಾರ್ಗವಾಗಿ ಮುಂಬಯಿ-ಪುಣೆಗಳ ಕಡೆಗೆ ಮುಖಮಾಡಿದ್ದವು. ಚಹವು ಆ ದಾರಿಯಿಂದಲೇ ಬಂದಿತು. 1930ರ ದಶಕದಲ್ಲಿ ಚಹದ ಬೆಳೆಗಾರರ ಪ್ರಚಾರವು ರೈಲುನಿಲ್ದಾಣಗಳನ್ನೂ ಪೇಟೆಗಳನ್ನೂ ಹೊಕ್ಕಿತು. ದೊಡ್ಡ ರೈಲ್ವೆ ಕಾರ್ಖಾನೆಯಿದ್ದ ಹುಬ್ಬಳ್ಳಿಯಂಥ ಊರಿನಲ್ಲಿ ಅದು ಬೇರೂರಿದುದು ಆಶ್ಚರ್ಯವಲ್ಲ. ಉಡುಪಿಯವರ ಹೋಟೆಲುಗಳು ಕಾಫಿಯನ್ನು ತಂದರೂ, ಗಿರಮಿಟ್ಟಿನ ಜತೆಗೆ, ಮಿರ್ಚಿಭಜಿಯ ಜತೆಗೆ ಇಲ್ಲಿಯವರು ಕೇಳುವುದು 'ಚಾ'ವನ್ನೇ.

ಇಲ್ಲೊಂದು ಸ್ವಾರಸ್ಯವುಂಟು. ಚಹ ಕುಡಿಯುವ ಈ ಜನರು ಅನುಸರಿಸುತ್ತಿರುವುದು ಮೂಲತಃ ಕಾಫಿಯ ಸೀಮೆಯ ತಂಡವನ್ನು. ರಣಜಿ ಸ್ಪರ್ಧೆಯ ಪ್ರಥಮ ಪಂದ್ಯವು 1934ರ ನವೆಂಬರ 4ರಂದು ಚೇಪಾಕಿನಲ್ಲಿ ಮದ್ರಾಸು ಮತ್ತು ಮೈಸೂರು ತಂಡಗಳ ನಡುವೆ ನಡೆದು, ಒಂದೇ ದಿನದಲ್ಲಿ ಮೈಸೂರಿನ ಸೋಲಿನಲ್ಲಿ ಮುಗಿಯಿತು. ಆಗ ಮುಂಬಯಿ ಪ್ರಾಂತವು ಮುಂಬಯಿ, ಮಹಾರಾಷ್ಟ್ರ, ಗುಜರಾತಗಳೆಂಬ ಬೇರೆ ಬೇರೆ ತಂಡಗಳನ್ನು ಕಳಿಸುತ್ತಿದ್ದರೂ ಅವುಗಳಲ್ಲಿ ಕನ್ನಡ ಜಿಲ್ಲೆಗಳ ಹೆಸರು ಹೊತ್ತ ತಂಡ ಒಂದೂ ಇರಲಿಲ್ಲ. ಏಕೀಕರಣದ ತರುವಾಯವೂ ತಂಡದ ಹೆಸರು ಮೈಸೂರೆಂದೇ ಉಳಿಯಿತು. 1973ರ ನವೆಂಬರದಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತು. ಅದೇ ಹಂಗಾಮಿನಲ್ಲಿ ತಂಡವು ಮೊದಲ ಸಲ ಟ್ರೋಫಿಯನ್ನು ಗೆದ್ದಿತು. ಹೆಸರೂ ಗೆಲುವೂ ಒಟ್ಟಿಗೆ ಬಂದುದರಿಂದ ಉತ್ತರದ ಜಿಲ್ಲೆಗಳವರಿಗೆ ಅದು ತಮ್ಮ ತಂಡವೆನ್ನಲು ಸಂಕೋಚವುಳಿಯಲಿಲ್ಲವೆಂದು ನಮಗೆ ತೋರುತ್ತದೆ.

ಆ ಗೆಲುವನ್ನು ಅರಿಯಲು ಆಟದ ಲೆಕ್ಕವನ್ನು ಕೊಂಚ ವಿಶದಪಡಿಸಬೇಕು. ಒಂದು ಸಂಜೆಯಲ್ಲಿ ಮುಗಿಯುವ ಆಟವನ್ನೇ ಬಲ್ಲ ವಿದ್ಯಾರ್ಥಿಗಳಿಗೆ ಇದು ಗೊಂದಲದ ವಿಷಯ. ಗುಂಪಿನ ಹಂತದಲ್ಲಿ ಪಂದ್ಯವು ನಾಲ್ಕು ದಿನದ್ದು. ಪೂರ್ಣ ಗೆಲುವಿಗೆ 6 ಅಂಕ. ಇನಿಂಗ್ಸಿನಿಂದಲೋ 10 ವಿಕೆಟ್ಟುಗಳಿಂದಲೋ ಗೆದ್ದರೆ ಇನ್ನೊಂದು ಅಂಕ ಹೆಚ್ಚು. ಆಟ ತೀರ್ಮಾನವಾಗದೆ ಉಳಿದರೆ ಮೊದಲ ಇನಿಂಗ್ಸಿನಲ್ಲಿ ಮುಂದಿದ್ದವರಿಗೆ 3, ಹಿಂದಿದ್ದವರಿಗೆ 1. ಮುಂದಿನ ಹಂತಗಳಲ್ಲಿ ಪಂದ್ಯವು ತೀರ್ಮಾನವಾಗದಿದ್ದರೆ ಮೊದಲ ಇನಿಂಗ್ಸಿನ ಮುನ್ನಡೆಯೇ ವಿಜಯಿಯನ್ನು ನಿರ್ಣಯಿಸುತ್ತದೆ. ಆದ್ದರಿಂದ ಎರಡನೆಯ ದಿನದ ಮಧ್ಯಾಹ್ನ ಒಂಬತ್ತನೆಯವನು ಹತ್ತನೆಯವನೊಡನೆ ಸೇರಿಸುವ 15 ಓಟಗಳು ಇಡೀ ಹಂಗಾಮಿನ ಗತಿಯನ್ನೇ ತಿರುಗಿಸಬಲ್ಲವು. ಚಹದಂಗಡಿಯಲ್ಲಿ ಮಾತು ಕಾವೇರುವುದು ಇಂಥ ಓಟಗಳ ಬಗೆಗೇ.

1974ರ ಮಾರ್ಚಿನಲ್ಲಿ ಬೆಂಗಳೂರಿನ ಉಪಾಂತ್ಯ ಪಂದ್ಯದಲ್ಲಿ ನಡೆದುದು ಇದೇ. ಮುಂಬಯಿ ಅದಕ್ಕೆ ಮುಂಚೆ ಸತತವಾಗಿ 15 ವರ್ಷ ಟ್ರೋಫಿಯನ್ನು ಬಿಟ್ಟುಕೊಟ್ಟಿರಲಿಲ್ಲ. ಕರ್ನಾಟಕವು ಜಿ. ಆರ್. ವಿಶ್ವನಾಥರ 162, ಬ್ರಿಜೇಶ ಪಟೇಲರ 106 ಓಟಗಳ ಬಲದಿಂದ 385ನ್ನು ಕೂಡಿಸಿತು. ಮುಂಬಯಿಯ ನಾಯಕ ಅಜಿತ ವಾಡೇಕರರು ಚೆನ್ನಾಗಿ ಆಡುತ್ತಿದ್ದಾಗ ಓಡುವಲ್ಲಿ ಕಾಲುಜಾರಿ ರನೌಟಾದರು. ಮುಂಬಯಿ 307ಕ್ಕೆ ನಿಂತಿತು. ಆ ಮುನ್ನಡೆಯೇ ಸಾಕಾಯಿತು. ಬಳಿಕ ಎರಾಪಲ್ಲಿ ಪ್ರಸನ್ನರ ನಾಯಕತ್ವದಲ್ಲಿ ತಂಡವು ಜಯಪುರದಲ್ಲಿ ರಾಜಸ್ಥಾನವನ್ನು ಸೋಲಿಸಿತು. ಶತಮಾನಗಟ್ಟಲೆ ಮುಂಬಯಿಯ ಕಡೆಗೆ ನೋಡುತ್ತ ಬಂದ ಈ ಸೀಮೆಯವರಿಗೆ ಮುಂಬಯಿ ಸೋತುದರಲ್ಲಿ ಒಂದು ವಿಶೇಷ ರುಚಿ ಇದ್ದಿರಬೇಕು!

ಆದರೆ ತಂಡದಲ್ಲಿ ತಮ್ಮ ಸೀಮೆಯ ಆಟಗಾರನೊಬ್ಬನಿದ್ದಾಗ ಅನುಸರಣೆಗೆ ಬೇರೆಯೇ ಕಸುವು ಬರುತ್ತದೆ. ಗದಗಿನ ಸುನೀಲ ಜೋಶಿಯವರು ಬಾಲ್ಯದಲ್ಲಿ ನಸುಕಿನ ರೈಲು ಹಿಡಿದು ಹುಬ್ಬಳ್ಳಿಗೆ ಅಭ್ಯಾಸಕ್ಕೆ ಬಂದು, ಶಾಲೆಯ ಹೊತ್ತಿಗೆ ತಿರುಗಿ ಗದಗಿಗೆ ಹೋಗುತ್ತಿದ್ದರು. 1995-96ರ ರಣಜಿ ಹಂಗಾಮಿನಲ್ಲಿ ಅವರು 529 ಓಟಗಳನ್ನೂ 52 ವಿಕೆಟ್ಟುಗಳನ್ನೂ ಗಳಿಸಿದರು. ಆ ವರ್ಷ ಟ್ರೋಫಿ ಕರ್ನಾಟಕಕ್ಕೆ ಬಂದಿತು.

ಈಗ ರಾಜನಗರದಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯ ಮೈದಾನವಿರುವುದರಿಂದ ಹುಬ್ಬಳ್ಳಿಯವರು ತಂಡವನ್ನು ಕಣ್ಣಾರೆ ಕಾಣಬಹುದು. 2024ರ ಜನವರಿಯಲ್ಲಿ ಪಂಜಾಬದ ಮೇಲೆ ನಡೆದ ಪಂದ್ಯವು ಒಳ್ಳೆಯ ಉದಾಹರಣೆ. ವಾಸುಕಿ ಕೌಶಿಕರು 7 ವಿಕೆಟ್ಟು ಕಿತ್ತು ಪಂಜಾಬವನ್ನು 152ಕ್ಕೆ ಉರುಳಿಸಿದರು. ದೇವದತ್ತ ಪಡಿಕ್ಕಲ್ 193, ಮನೀಷ ಪಾಂಡೆ 118 ಹೊಡೆದರು. ಪಂಜಾಬವು ಎರಡನೆಯ ಸಲ 400ನ್ನು ದಾಟಿ ಹೋರಾಡಿತಾದರೂ ಕರ್ನಾಟಕವು 7 ವಿಕೆಟ್ಟುಗಳಿಂದ ಗೆದ್ದಿತು. ಇದಕ್ಕೆ ಪ್ರತಿಯಾಗಿ, ಹುಬ್ಬಳ್ಳಿಯ ಹೆಸರನ್ನೇ ಹೊತ್ತ 'ಹುಬ್ಳಿ ಟೈಗರ್ಸ್' ತಂಡವು 2023ರ ಮಹಾರಾಜಾ ಟ್ರೋಫಿಯನ್ನು ಗೆದ್ದುದು ಬೆಂಗಳೂರಿನಲ್ಲಿ. ಊರಿನ ಹೆಸರಿನ ತಂಡವನ್ನು ದೂರದಿಂದ ನೋಡಬೇಕು. ಹೆಸರಿಲ್ಲದ ತಂಡವು ಮನೆಬಾಗಿಲಿಗೆ ಬರುತ್ತದೆ. ಯಾವುದರ ಲೆಕ್ಕವಿಡಬೇಕೆಂದು ನಮ್ಮನ್ನು ಕೇಳಿದರೆ ಎರಡನೆಯದನ್ನೇ ಹೇಳುವೆವು.

ಈ ಲೆಕ್ಕಕ್ಕೆ ಈಚೆಗೆ ತೊಡಕೊಂದು ಬಂದಿದೆ. 2024-25ರಲ್ಲಿ ರಣಜಿ ಹಂಗಾಮನ್ನು ಎರಡಾಗಿ ಒಡೆದು, ನಡುವೆ ಚುಟುಕು ಪಂದ್ಯಗಳನ್ನು ತುಂಬಿದರು. ಚಳಿ ಹಾಗೂ ಮಂಜಿನ ಕಾಲವನ್ನು ತಪ್ಪಿಸಲು ಉತ್ತರ ಹಿಂದುಸ್ಥಾನದ ಮೈದಾನಗಳಿಗೆ ಇದು ಅನುಕೂಲವೆನ್ನಬಹುದು. ಆದರೆ ನವೆಂಬರದಲ್ಲಿ ಕಡಿದ ಎಳೆಯನ್ನು ಜನವರಿಯಲ್ಲಿ ಹಿಡಿಯುವುದು ಪ್ರೇಕ್ಷಕನಿಗೆ ಸುಲಭವಲ್ಲ. ಅರ್ಧದಲ್ಲಿ ಬಿಟ್ಟ ಅಂಕಗಳ ಪಟ್ಟಿ ಮರೆತುಹೋಗುತ್ತದೆ. ಮೊದಲೇ ವಿರಳವಾದ ಪ್ರೇಕ್ಷಕರು ಇನ್ನಷ್ಟು ವಿರಳರಾಗುವ ಭಯವುಂಟು.

ಕೊನೆಗೆ ಒಂದು ಮಾತು. ಬೇಸ್‌ಬಾಲಿನಲ್ಲಿ ಏಳನೆಯ ಇನಿಂಗ್ಸಿನ ನಡುವೆ ಪ್ರೇಕ್ಷಕರೆಲ್ಲ ಎದ್ದು ಮೈಮುರಿಯುವ ರೂಢಿಯಿದೆ, ಬಿಯರಿನ ಮಾರಾಟವನ್ನು ಬಹಳ ಕಡೆ ಆ ಸುಮಾರಿಗೇ ನಿಲ್ಲಿಸುತ್ತ ಬಂದಿದ್ದಾರೆ. ಕ್ರಿಕೆಟ್ಟಿನಲ್ಲಿ ಚಹದ ವಿರಾಮವು ಆಟದ ನಿಯಮದಲ್ಲಿಯೇ ಬರೆದಿರುವ ಸಂಗತಿ: ಎರಡನೆಯ ಅವಧಿಯ ತರುವಾಯ 20 ನಿಮಿಷ. ಕಾಲೇಜಿನ ಮಧ್ಯಾಹ್ನದ ತಾಸು ಬಿಡುವಿದ್ದವರು ಆ ಹೊತ್ತಿಗೆ ರಾಜನಗರಕ್ಕೆ ಹೋದರೆ, ಚಹ ಮುಗಿಸಿ ಕೊನೆಯ ಅವಧಿಯನ್ನು ಪೂರ್ತಿ ನೋಡಬಹುದು.