ನಿರೋಧ್ ಹರಿದಾಗ: ಮೊದಲ 72 ಗಂಟೆಗಳಲ್ಲಿ ಮಾಡಬೇಕಾದದ್ದು

ಕೆಲವು ಪ್ರಶ್ನೆಗಳನ್ನು ಜನರು ವೈದ್ಯರ ಮುಂದೆ ಕುಳಿತು ಕೇಳುವುದಿಲ್ಲ. ಹೊಟ್ಟೆನೋವು, ತಲೆಸುತ್ತು ಎಂದು ಬರುತ್ತಾರೆ, ನಾಡಿ ತೋರಿಸುತ್ತಾರೆ, ಚೀಟಿ ಬರೆಸಿಕೊಳ್ಳುತ್ತಾರೆ. ಎದ್ದು ಹೊರಡುವಾಗ ಬಾಗಿಲ ಬಳಿ ನಿಂತು ಮೆಲ್ಲಗೆ ಕೇಳುತ್ತಾರೆ: "ಡಾಕ್ಟ್ರೇ, ನಿರೋಧ್ ಹರಿದುಹೋಗಿತ್ತು. ಏನಾದರೂ ತೊಂದರೆ ಇದೆಯೇ?" ಯಾವಾಗ ಎಂದು ವಿಚಾರಿಸಿದರೆ ಹತ್ತು ದಿನವಾಗಿರುತ್ತದೆ. ಮೊದಲ ಮೂರು ದಿನಗಳಲ್ಲಿ ಸುಲಭವಾಗಿ ಮಾಡಬಹುದಾಗಿದ್ದ ಕೆಲಸ ಅಷ್ಟರಲ್ಲಿ ಕೈತಪ್ಪಿರುತ್ತದೆ.

ಇಲ್ಲಿ ನಾಚಿಕೆಗಿಂತ ಸಮಯ ಮುಖ್ಯ. ಆದ್ದರಿಂದ ಈ ವಿಷಯವನ್ನು ನೇರವಾಗಿಯೇ ಬರೆಯುತ್ತಿದ್ದೇನೆ. ನೀವು ಓದಿ, ನಿಮ್ಮ ಬಾಳಸಂಗಾತಿಗೂ ಓದಲು ಕೊಡಿ.

ತಕ್ಷಣ ಏನು ಮಾಡಬೇಕು?

ಹರಿದಿದೆ ಎಂದು ತಿಳಿದ ಕೂಡಲೇ ನಿಲ್ಲಿಸಿ. ನಿರೋಧ್‌ನ ಬುಡವನ್ನು ಬೆರಳಿನಿಂದ ಹಿಡಿದುಕೊಂಡು ಹೊರತೆಗೆಯಿರಿ. ಅದು ಒಳಗೆ ಜಾರಿ ಉಳಿದಿದ್ದರೆ ಶುದ್ಧವಾದ ಬೆರಳಿನಿಂದ ನಿಧಾನವಾಗಿ ತೆಗೆಯಬಹುದು, ಬಾರದಿದ್ದರೆ ವೈದ್ಯರು ಅಥವಾ ನರ್ಸ್ ತೆಗೆಯುತ್ತಾರೆ. ಇಬ್ಬರೂ ಮೂತ್ರ ವಿಸರ್ಜನೆ ಮಾಡಿ, ಹೊರಭಾಗವನ್ನು ಸಾದಾ ನೀರಿನಿಂದ ತೊಳೆದುಕೊಳ್ಳಿ.

ಯೋನಿಯ ಒಳಭಾಗವನ್ನು ತೊಳೆಯಬೇಡಿ. ಸೋಪು, ಡೆಟಾಲ್, ನಿಂಬೆರಸ, ಉಪ್ಪುನೀರು ಯಾವುದನ್ನೂ ಒಳಗೆ ಹಾಕಬಾರದು. ವೀರ್ಯಾಣುಗಳು ಕೆಲವೇ ನಿಮಿಷಗಳಲ್ಲಿ ಗರ್ಭಕೋಶದ ಬಾಯಿಯನ್ನು ದಾಟುತ್ತವೆ, ನೀರು ಅವನ್ನು ಹಿಂದಕ್ಕೆ ತರುವುದಿಲ್ಲ. ಒಳಗೆ ಉಜ್ಜಿದರೆ ಅಲ್ಲಿನ ತೆಳುವಾದ ಒಳಚರ್ಮ ಗೀರಿ, ರೋಗಾಣುಗಳಿಗೆ ದಾರಿ ಇನ್ನಷ್ಟು ಸುಲಭವಾಗುತ್ತದೆ. ಗುಸ್ಲ್ ಮಾಡಿದ ಮೇಲೆ ಎಲ್ಲವೂ ತೊಳೆದುಹೋಯಿತು ಎಂದು ತಿಳಿದವರಿದ್ದಾರೆ. ಗುಸ್ಲ್ ಶರೀರದ ಹೊರಭಾಗದ ಶುದ್ಧಿ. ಅದು ಗರ್ಭವನ್ನಾಗಲಿ ಸೋಂಕನ್ನಾಗಲಿ ತಡೆಯುವ ಉಪಾಯವಲ್ಲ.

ಗರ್ಭ ನಿಲ್ಲುವ ಭಯ

ಹೆಚ್ಚಿನ ದಂಪತಿಗಳ ಮೊದಲ ಚಿಂತೆ ಇದೇ. ನಮ್ಮ ಕರಾವಳಿಯಲ್ಲಿ ಎಷ್ಟೋ ಮನೆಗಳಲ್ಲಿ ಗಂಡ ಗಲ್ಫ್‌ನಲ್ಲಿರುತ್ತಾನೆ, ಒಂದೆರಡು ತಿಂಗಳ ರಜೆಗೆ ಊರಿಗೆ ಬರುತ್ತಾನೆ. ಮನೆಯಲ್ಲಿ ಏಳೆಂಟು ತಿಂಗಳ ಮಗು, ಹೆರಿಗೆ ಸಿಸೇರಿಯನ್ ಆಗಿರುತ್ತದೆ. ಇಂತಹ ತಾಯಿಗೆ ಮರುಗರ್ಭ ಚಿಕ್ಕ ವಿಷಯವಲ್ಲ. ಒಂದು ಹೆರಿಗೆಯಾದ ಬಳಿಕ ಮುಂದಿನ ಗರ್ಭಕ್ಕೆ ಕನಿಷ್ಠ 24 ತಿಂಗಳ ಅಂತರವಿರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಗರ್ಭಕೋಶದ ಮೇಲಿನ ಗಾಯ ಬಲಗೊಳ್ಳಲು, ತಾಯಿಯ ರಕ್ತಹೀನತೆ ಸರಿಹೋಗಲು ಈ ಕಾಲಾವಕಾಶ ಬೇಕು.

"ಮಗು ಹಾಲು ಕುಡಿಯುತ್ತಿದೆ, ಮುಟ್ಟು ಇನ್ನೂ ಬಂದಿಲ್ಲ, ಹಾಗಾಗಿ ಭಯವಿಲ್ಲ" ಎಂಬ ಮಾತನ್ನು ಪೂರ್ತಿ ನಂಬಬೇಡಿ. ಮಗುವಿಗೆ ಆರು ತಿಂಗಳು ತುಂಬಿರಬಾರದು, ಎದೆಹಾಲು ಬಿಟ್ಟು ಬೇರೇನೂ ಕೊಡುತ್ತಿರಬಾರದು, ಮುಟ್ಟು ಮರಳಿರಬಾರದು. ಈ ಮೂರೂ ಕೂಡಿದರೆ ಮಾತ್ರ ಹಾಲೂಡಿಸುವಿಕೆ ಗರ್ಭವನ್ನು ಚೆನ್ನಾಗಿ ತಡೆಯುತ್ತದೆ. ಮೊದಲ ಮುಟ್ಟಿಗಿಂತ ಮುಂಚೆಯೇ ಅಂಡಾಣು ಬಿಡುಗಡೆಯಾಗುವುದರಿಂದ, ಮುಟ್ಟು ಬಾರದೆಯೂ ಗರ್ಭ ನಿಲ್ಲಬಹುದು.

ಈಗ ಉಪಾಯಕ್ಕೆ ಬರೋಣ. ಲೆವೊನೊರ್ಜೆಸ್ಟ್ರಲ್ 1.5 ಮಿಲಿಗ್ರಾಂನ ಒಂದೇ ಒಂದು ಮಾತ್ರೆಯನ್ನು 72 ಗಂಟೆಯೊಳಗೆ ನುಂಗಬೇಕು. ಬೇಗ ನುಂಗಿದಷ್ಟೂ ಫಲ ಹೆಚ್ಚು, ಹಾಗಾಗಿ ಮೂರನೆಯ ದಿನದವರೆಗೆ ಕಾಯಬೇಡಿ. ಮೆಡಿಕಲ್ ಶಾಪ್‌ಗಳಲ್ಲಿ ಇದು ಚೀಟಿಯಿಲ್ಲದೆಯೇ ಸಿಗುತ್ತದೆ. ಆಶಾ ಕಾರ್ಯಕರ್ತೆಯರ ಬಳಿಯೂ ಕೇಳಬಹುದು. ಹಾಲೂಡಿಸುವ ತಾಯಂದಿರೂ ಇದನ್ನು ತೆಗೆದುಕೊಳ್ಳಬಹುದು. ನುಂಗಿದ ಎರಡು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ಮಾತ್ರೆ ಬೇಕಾಗುತ್ತದೆ. ಓಕರಿಕೆ, ತಲೆನೋವು, ಸ್ವಲ್ಪ ರಕ್ತ ಕಾಣಿಸುವುದು, ಮುಂದಿನ ಮುಟ್ಟು ಕೆಲವು ದಿನ ಹಿಂದೆಮುಂದೆ ಆಗುವುದು ಸಾಮಾನ್ಯ. ಕ್ಷಯರೋಗಕ್ಕೆ ರಿಫಾಂಪಿಸಿನ್ ಇರುವ ಮದ್ದು ಅಥವಾ ಫಿಟ್ಸ್‌ಗೆ ಫೆನಿಟಾಯಿನ್, ಕಾರ್ಬಮಜೆಪಿನ್ ತೆಗೆದುಕೊಳ್ಳುತ್ತಿರುವವರಲ್ಲಿ ಈ ಮಾತ್ರೆಯ ಶಕ್ತಿ ಕುಂದುತ್ತದೆ. ಅಂಥವರು ಮೊದಲು ವೈದ್ಯರಿಗೆ ತಿಳಿಸಬೇಕು.

ಎರಡನೆಯ ಉಪಾಯ ಕಾಪರ್-ಟಿ. ಇದನ್ನು ಐದು ದಿನಗಳೊಳಗೆ ಅಳವಡಿಸಿಕೊಂಡರೆ ಮಾತ್ರೆಗಿಂತಲೂ ಹೆಚ್ಚು ಖಚಿತ. ಮುಂದಿನ ಕೆಲವು ವರ್ಷಗಳ ಅಂತರಕ್ಕೂ ಅದೇ ಸಾಕಾಗುತ್ತದೆ. ಸರಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆ ಹಣ ಕೊಡಬೇಕಿಲ್ಲ.

"ಇದು ಗರ್ಭಪಾತದ ಮಾತ್ರೆಯಲ್ಲವೇ? ಗುನಾಹ್ ಆಗುವುದಿಲ್ಲವೇ?" ಎಂದು ಅನೇಕ ಸಹೋದರಿಯರು ಕೇಳುತ್ತಾರೆ. ಇದು ಗರ್ಭಪಾತದ ಮಾತ್ರೆಯಲ್ಲ. ಅಂಡಾಣು ಹೊರಬರುವುದನ್ನು ತಡಮಾಡುವುದೇ ಇದರ ಕೆಲಸ. ಅಂಡಾಣು ಆಗಲೇ ಹೊರಬಂದಿದ್ದರೆ ಇದು ಅಷ್ಟಾಗಿ ಫಲಿಸುವುದಿಲ್ಲ. ಗರ್ಭ ನಿಂತಿದ್ದರೆ ಅದನ್ನು ಕೀಳುವುದೂ ಇಲ್ಲ, ಕೆಡಿಸುವುದೂ ಇಲ್ಲ. ಪ್ರವಾದಿ(ಸ)ರವರ ಕಾಲದಲ್ಲಿ ಸಹಾಬಿಗಳು ಅಝ್ಲ್ ಮಾಡುತ್ತಿದ್ದರೆಂದು ಹದೀಸ್‌ನಲ್ಲಿದೆ. ನಮ್ಮ ಯೂನಾನಿಯ ಆಧಾರಗ್ರಂಥವಾದ ಇಬ್ನ್ ಸೀನಾರ ಅಲ್-ಕಾನೂನ್‌ನಲ್ಲಿಯೂ ಗರ್ಭ ತಡೆಯುವ ಕುರಿತು ಚರ್ಚೆಯಿದೆ. ಧರ್ಮದ ವಿಷಯದಲ್ಲಿ ಇನ್ನೂ ಸಂಶಯವಿದ್ದರೆ ನೀವು ನಂಬುವ ಆಲಿಮರನ್ನು ಕೇಳಿ, ಆದರೆ ಆ ದಿನವೇ ಕೇಳಿ.

ಅಂಗಡಿಯವರು ಕೆಲವೊಮ್ಮೆ ಇದರ ಬದಲು ಗರ್ಭಪಾತದ ಕಿಟ್ ಕೊಡುವುದುಂಟು. ಪೊಟ್ಟಣದ ಮೇಲಿನ ಹೆಸರನ್ನು ಓದಿಯೇ ಕೊಳ್ಳಿ. ಮಿಫೆಪ್ರಿಸ್ಟೋನ್ ಎಂದಿದ್ದರೆ ಅದು ಬೇರೆಯೇ ಮದ್ದು, ವೈದ್ಯರ ನಿಗಾ ಇಲ್ಲದೆ ಅದನ್ನು ಮುಟ್ಟಬಾರದು.

ಮಾತ್ರೆ ನುಂಗಿದ ಬಳಿಕ ಮುಟ್ಟು ಒಂದು ವಾರಕ್ಕಿಂತ ಹೆಚ್ಚು ತಡವಾದರೆ, ಅಥವಾ ಘಟನೆ ನಡೆದು ಮೂರು ವಾರವಾದಾಗ, ಮನೆಯಲ್ಲೇ ಮೂತ್ರಪರೀಕ್ಷೆ ಮಾಡಿಕೊಳ್ಳಿ. ಸರಕಾರದ 'ನಿಶ್ಚಯ್' ಕಿಟ್ ಆಶಾ ಕಾರ್ಯಕರ್ತೆಯರಲ್ಲಿ ಸಿಗುತ್ತದೆ. ಕೆಳಹೊಟ್ಟೆಯ ಒಂದೇ ಬದಿಯಲ್ಲಿ ತೀವ್ರ ನೋವು ಬಂದರೆ ಕಾಯದೆ ಆಸ್ಪತ್ರೆಗೆ ಹೋಗಿ. ಗರ್ಭ ನಾಳದಲ್ಲಿ ನಿಂತಿರುವ ಸಾಧ್ಯತೆ ಇರುತ್ತದೆ.

ಸೋಂಕಿನ ವಿಷಯ

ಗಂಡ ಹೆಂಡತಿ ಇಬ್ಬರೂ ಆರೋಗ್ಯವಂತರಾಗಿದ್ದು, ಇಬ್ಬರಿಗೂ ಬೇರೆ ಸಂಬಂಧವಿಲ್ಲದಿದ್ದರೆ ಸೋಂಕಿನ ಚಿಂತೆ ತೀರಾ ಕಡಿಮೆ. ಆದರೆ ಒಬ್ಬರಿಗೆ ಹೆಪಟೈಟಿಸ್ ಬಿ ಅಥವಾ ಎಚ್‌ಐವಿ ಇದೆ ಎಂದು ತಿಳಿದೇ ನಿರೋಧ್ ಬಳಸುವ ದಂಪತಿಗಳೂ ಇದ್ದಾರೆ. ಈ ಸೋಂಕುಗಳಿದ್ದ ಮಾತ್ರಕ್ಕೆ ನಡತೆಯನ್ನು ಶಂಕಿಸಬಾರದು. ಹೆಪಟೈಟಿಸ್ ಬಿ ಹುಟ್ಟುವಾಗಲೇ ತಾಯಿಯಿಂದ ಬಂದಿರಬಹುದು, ಕೊಳೆಯಾದ ಸೂಜಿಯಿಂದಲೋ ಬ್ಲೇಡಿನಿಂದಲೋ ಬಂದಿರಬಹುದು. ಇನ್ನು, ನಿಕಾಹ್‌ನ ಹೊರಗಿನ ಸಂಬಂಧದಲ್ಲಿ ಇದು ನಡೆದಿದ್ದರೆ, ಆ ತಪ್ಪನ್ನು ಮುಚ್ಚಿಡಲು ಹೋಗಿ ಏನೂ ಅರಿಯದ ಹೆಂಡತಿಗೆ ರೋಗ ದಾಟಿಸುವುದು ಇನ್ನೊಂದು ಅನ್ಯಾಯ. ವೈದ್ಯರ ಬಳಿ ನಿಜ ಹೇಳಿ. ನಿಮ್ಮ ಚರಿತ್ರೆಗೆ ತೀರ್ಪು ಕೊಡುವುದು ವೈದ್ಯರ ಕೆಲಸವಲ್ಲ.

ಎಚ್‌ಐವಿ: ಸಂಗಾತಿಗೆ ಎಚ್‌ಐವಿ ಇದೆ ಎಂದು ಗೊತ್ತಿದ್ದರೆ, ಅಥವಾ ಬಲವಾದ ಸಂಶಯವಿದ್ದರೆ, ಕೂಡಲೇ ಜಿಲ್ಲಾಸ್ಪತ್ರೆಗೆ ಅಥವಾ ಮೆಡಿಕಲ್ ಕಾಲೇಜು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಸೋಂಕು ಬೇರೂರದಂತೆ ತಡೆಯುವ ಮಾತ್ರೆಗಳನ್ನು 72 ಗಂಟೆಯೊಳಗೆ ಆರಂಭಿಸಿ 28 ದಿನ ಬಿಡದೆ ತೆಗೆದುಕೊಳ್ಳಬೇಕು. ಮೊದಲ ಕೆಲವು ಗಂಟೆಗಳಲ್ಲಿ ಆರಂಭಿಸಿದರೆ ಅತ್ಯುತ್ತಮ. 72 ಗಂಟೆ ದಾಟಿದ ಮೇಲೆ ಇವುಗಳಿಂದ ಪ್ರಯೋಜನವಿಲ್ಲ. ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದನ್ನು ಅಪಾಯವನ್ನು ತೂಗಿ ವೈದ್ಯರು ನಿರ್ಧರಿಸುತ್ತಾರೆ. ಸೋಂಕಿತ ಸಂಗಾತಿ ಎಆರ್‌ಟಿ ಮಾತ್ರೆಗಳನ್ನು ತಪ್ಪದೆ ನುಂಗುತ್ತಿದ್ದು, ರಕ್ತದಲ್ಲಿ ವೈರಾಣು ಪರೀಕ್ಷೆಗೆ ಸಿಗದಷ್ಟು ಇಳಿದಿದ್ದರೆ, ಲೈಂಗಿಕ ಸಂಪರ್ಕದಿಂದ ಎಚ್‌ಐವಿ ಹರಡುವುದಿಲ್ಲ. ಇದನ್ನು ತಿಳಿದರೆ ಎಷ್ಟೋ ದಂಪತಿಗಳ ನಿದ್ದೆ ಮರಳುತ್ತದೆ.

ಹೆಪಟೈಟಿಸ್ ಬಿ: ಈ ವೈರಾಣು ಎಚ್‌ಐವಿಗಿಂತ ಬೇಗ ಹರಡುತ್ತದೆ. ಲಸಿಕೆ ಹಾಕಿಸಿಕೊಳ್ಳದವರು ಸಾಧ್ಯವಾದರೆ 24 ಗಂಟೆಯೊಳಗೆ ಲಸಿಕೆ ಆರಂಭಿಸಬೇಕು. ಸಂಗಾತಿಗೆ ಸೋಂಕು ಖಚಿತವಿದ್ದರೆ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದೂ ಬೇಕಾಗಬಹುದು.

ಆತಶಕ್, ಸೂಝಾಕ್: ಯೂನಾನಿಯಲ್ಲಿ ಸಿಫಿಲಿಸ್‌ಗೆ ಆತಶಕ್ ಎಂದೂ ಗೊನೊರಿಯಾಕ್ಕೆ ಸೂಝಾಕ್ ಎಂದೂ ಹೆಸರು. ಸೂಝಾಕ್ ತಗಲಿದ ಗಂಡಸಿಗೆ ಸಾಮಾನ್ಯವಾಗಿ ವಾರದೊಳಗೆ ಉರಿಮೂತ್ರ, ಕೀವು ಕಾಣಿಸುತ್ತದೆ. ಆತಶಕ್‌ನ ಹುಣ್ಣು ಕಾಣಿಸಲು ಸುಮಾರು ಮೂರು ವಾರ ಬೇಕು, ಮೂರು ತಿಂಗಳವರೆಗೂ ತಡವಾಗಬಹುದು. ಆ ಹುಣ್ಣು ನೋಯುವುದಿಲ್ಲ, ಮದ್ದಿಲ್ಲದೆಯೂ ಮಾಯುತ್ತದೆ. ಜನ ಮೋಸಹೋಗುವುದು ಇಲ್ಲಿಯೇ. ಹುಣ್ಣು ಮಾಯ್ದರೂ ರೋಗ ರಕ್ತದಲ್ಲಿ ಉಳಿದು, ಮುಂದೆ ಗರ್ಭದಲ್ಲಿರುವ ಮಗುವಿಗೂ ದಾಟುತ್ತದೆ. ಇನ್ನು ಕ್ಲಾಮಿಡಿಯಾ ಮತ್ತು ಸೂಝಾಕ್ ಹೆಚ್ಚಿನ ಹೆಂಗಸರಲ್ಲಿ ಯಾವ ಲಕ್ಷಣವನ್ನೂ ತೋರಿಸದೆ ಗರ್ಭನಾಳಗಳನ್ನು ಕೆಡಿಸಿ, ಕೊನೆಗೆ ಮಕ್ಕಳಾಗದ ಸ್ಥಿತಿಗೆ ತರಬಲ್ಲವು.

ಬಿಳಿಸೆರಗು ಕಂಡ ಮಾತ್ರಕ್ಕೆ ಗುಹ್ಯರೋಗವೆಂದು ಹೆದರಬೇಡಿ. ಶಿಲೀಂಧ್ರದ ಸೋಂಕಿನಿಂದ, ಸಕ್ಕರೆ ಕಾಯಿಲೆಯಿಂದಲೂ ತುರಿಕೆ ಮತ್ತು ಸ್ರಾವ ಬರುತ್ತದೆ. ಪರೀಕ್ಷೆಯೇ ಇದನ್ನು ಬಿಡಿಸಿ ಹೇಳಬೇಕು.

"ವೀಸಾದ ಮೆಡಿಕಲ್‌ನಲ್ಲಿ ಫಿಟ್ ಬಂದಿದೆ" ಎಂದು ಕೆಲವರು ನಿಶ್ಚಿಂತರಾಗಿರುತ್ತಾರೆ. ಆ ಪರೀಕ್ಷೆ ರಕ್ತ ಕೊಟ್ಟ ದಿನದವರೆಗಿನ ಸ್ಥಿತಿಯನ್ನಷ್ಟೇ ಹೇಳುತ್ತದೆ, ಎಲ್ಲ ಗುಹ್ಯರೋಗಗಳನ್ನೂ ಅದು ನೋಡುವುದಿಲ್ಲ.

ಮನೆಮದ್ದು ಮತ್ತು ಯೂನಾನಿ ಮದ್ದು

ಯೂನಾನಿ ವೈದ್ಯನಾಗಿಯೇ ಈ ಮಾತು ಹೇಳುತ್ತೇನೆ. ಈ 72 ಗಂಟೆಗಳಲ್ಲಿ ಮೇಲೆ ಹೇಳಿದ ಮದ್ದುಗಳಿಗೆ ಬದಲಾಗಿ ಕೊಡಬಹುದಾದ ಮಾಜೂನ್ ಆಗಲಿ ಸಫೂಫ್ ಆಗಲಿ ನಮ್ಮಲ್ಲಿಲ್ಲ. ಇದೆ ಎನ್ನುವವರನ್ನು ನಂಬಬೇಡಿ.

ಮುಟ್ಟು ಬರಲೆಂದು ಪಪ್ಪಾಯಿ, ಅನಾನಸ್, ಎಳ್ಳುಬೆಲ್ಲ ತಿನ್ನುವವರಿದ್ದಾರೆ. ಇವುಗಳಿಂದ ಗರ್ಭ ತಡೆಯಲಾಗದು, ದಿನ ಮಾತ್ರ ಕಳೆಯುತ್ತದೆ. ಮುಟ್ಟು ತರಿಸುವ ಯೂನಾನಿ ಮದ್ದುಗಳನ್ನು ಗರ್ಭದ ಸಂಶಯವಿರುವಾಗ ತೆಗೆದುಕೊಳ್ಳಲೇಬಾರದು. ಉರಿಮೂತ್ರವನ್ನು "ಉಷ್ಣ" ಎಂದುಕೊಂಡು ಶರಬತ್ ಬಜೂರಿ ಕುಡಿಯುವುದು ನಮ್ಮ ಮನೆಗಳಲ್ಲಿ ಸಾಮಾನ್ಯ. ಅದು ಮೂತ್ರವನ್ನು ಸಲೀಸು ಮಾಡುತ್ತದೆ, ಉರಿ ತಗ್ಗುತ್ತದೆ. ಆದರೆ ಸೂಝಾಕ್‌ನ ರೋಗಾಣು ಅದರಿಂದ ಸಾಯುವುದಿಲ್ಲ. ಉರಿ ತಗ್ಗಿತೆಂದು ಪರೀಕ್ಷೆ ಬಿಟ್ಟರೆ ರೋಗ ಒಳಗೇ ಬೆಳೆಯುತ್ತದೆ.

ಹರಿಯಲು ಕಾರಣವೇನು?

ಸರಿಯಾಗಿ ಬಳಸಿದ ನಿರೋಧ್ ಹರಿಯುವುದು ಅಪರೂಪ. ಹೆಚ್ಚಿನ ಸಂದರ್ಭಗಳಲ್ಲಿ ಕಾರಣ ನಮ್ಮ ಕೈಯಲ್ಲೇ ಇರುತ್ತದೆ. ಎಣ್ಣೆ ಅದರ ರಬ್ಬರಿನ ದೊಡ್ಡ ಶತ್ರು. ತೆಂಗಿನೆಣ್ಣೆ, ವ್ಯಾಸಲಿನ್, ಬೇಬಿ ಆಯಿಲ್ ತಗಲಿದರೆ ಕೆಲವೇ ನಿಮಿಷಗಳಲ್ಲಿ ರಬ್ಬರ್ ದುರ್ಬಲವಾಗುತ್ತದೆ. ಗಂಡಸರು ಹಚ್ಚಿಕೊಳ್ಳುವ 'ತಿಲಾ' ಕೂಡ ಎಣ್ಣೆಯೇ. ತಿಲಾ ಬಳಸುವವರು ಅದನ್ನು ಪೂರ್ತಿ ತೊಳೆದ ನಂತರವೇ ನಿರೋಧ್ ಧರಿಸಬೇಕು. ಜಾರುಕ ಬೇಕಿದ್ದರೆ ನೀರಿನಲ್ಲಿ ಕರಗುವ ಜೆಲ್ ಬಳಸಿ.

ಪರ್ಸಿನಲ್ಲಿ, ಬೈಕಿನ ಡಬ್ಬಿಯಲ್ಲಿ ಇಟ್ಟರೆ ಶಾಖಕ್ಕೆ ಮತ್ತು ಒತ್ತಡಕ್ಕೆ ಅದು ಹಾಳಾಗುತ್ತದೆ. ಅವಧಿ ಮುಗಿದದ್ದನ್ನು ಬಳಸಬೇಡಿ. ಪೊಟ್ಟಣವನ್ನು ಹಲ್ಲಿನಿಂದ, ಕತ್ತರಿಯಿಂದ ತೆರೆಯಬೇಡಿ. ತೊಡುವಾಗ ತುದಿಯನ್ನು ಒತ್ತಿ ಹಿಡಿದು ಗಾಳಿ ತೆಗೆಯಿರಿ. ಒಂದರ ಮೇಲೊಂದು ಎರಡು ಹಾಕಿದರೆ ಉಜ್ಜಿ ಹರಿಯುವ ಸಂಭವವೇ ಹೆಚ್ಚು. ಪದೇ ಪದೇ ಹರಿಯುತ್ತಿದ್ದರೆ ಬೇರೆ ವಿಧಾನದ ಬಗ್ಗೆ ಯೋಚಿಸಿ. ಮೂರು ತಿಂಗಳಿಗೊಮ್ಮೆ ಕೊಡುವ 'ಅಂತರಾ' ಚುಚ್ಚುಮದ್ದು, 'ಛಾಯಾ' ಮಾತ್ರೆ ಎರಡೂ ಸರಕಾರಿ ಯೋಜನೆಯಲ್ಲಿವೆ, ಹಾಲೂಡಿಸುವ ತಾಯಂದಿರಿಗೂ ಹೊಂದುತ್ತವೆ. ತುರ್ತು ಮಾತ್ರೆಯನ್ನು ತಿಂಗಳು ತಿಂಗಳು ನುಂಗುವ ಅಭ್ಯಾಸ ಬೇಡ. ಅದು ನಿತ್ಯದ ಉಪಾಯವಲ್ಲ.

ಕತ್ತರಿಸಿ ಇಟ್ಟುಕೊಳ್ಳಿ

ಅದೇ ದಿನ: ತುರ್ತು ಮಾತ್ರೆ. ಸೋಂಕಿನ ಸಂಶಯವಿದ್ದರೆ ಜಿಲ್ಲಾಸ್ಪತ್ರೆ, ಹೆಪಟೈಟಿಸ್ ಬಿ ಲಸಿಕೆ, ಮೊದಲ ರಕ್ತಪರೀಕ್ಷೆ.

72 ಗಂಟೆ: ಎಚ್‌ಐವಿ ತಡೆ ಮಾತ್ರೆ ಆರಂಭಿಸಲು ಕೊನೆಯ ಗಡಿ.

5 ದಿನ: ಕಾಪರ್-ಟಿಗೆ ಕೊನೆಯ ಗಡಿ.

2 ವಾರ: ಸಂಶಯವಿದ್ದರೆ ಗೊನೊರಿಯಾ, ಕ್ಲಾಮಿಡಿಯಾ ಪರೀಕ್ಷೆ.

3 ವಾರ: ಗರ್ಭಪರೀಕ್ಷೆ.

6 ವಾರ ಮತ್ತು 3 ತಿಂಗಳು: ಎಚ್‌ಐವಿ, ಸಿಫಿಲಿಸ್ ರಕ್ತಪರೀಕ್ಷೆ ಮತ್ತೊಮ್ಮೆ. ತಡೆ ಮಾತ್ರೆ ತೆಗೆದುಕೊಂಡವರು ವೈದ್ಯರು ಹೇಳಿದಷ್ಟು ಕಾಲ ಪರೀಕ್ಷೆ ಮುಂದುವರಿಸಬೇಕು. ಫಲಿತಾಂಶ ಸ್ಪಷ್ಟವಾಗುವವರೆಗೆ ನಿರೋಧ್ ಬಿಡಬೇಡಿ, ರಕ್ತದಾನ ಮಾಡಬೇಡಿ.

ಸರಕಾರಿ ಆಸ್ಪತ್ರೆಗಳ ಐಸಿಟಿಸಿ ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆಯೂ ಆಪ್ತ ಸಮಾಲೋಚನೆಯೂ ಉಚಿತ. ಗುಹ್ಯರೋಗಗಳಿಗೆ 'ಸುರಕ್ಷಾ ಕ್ಲಿನಿಕ್'ಗಳಲ್ಲಿ ಉಚಿತ ಚಿಕಿತ್ಸೆ ಸಿಗುತ್ತದೆ. ಪರೀಕ್ಷೆಗೆ ನಿಮ್ಮ ಒಪ್ಪಿಗೆ ಬೇಕು, ಎಚ್‌ಐವಿ ಫಲಿತಾಂಶವನ್ನು ಗುಟ್ಟಾಗಿಡಬೇಕು ಎಂದು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಹೇಳುತ್ತದೆ. ಚಿಕಿತ್ಸೆ ಬೇಕಾದರೆ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಮಾಡಿಸಿಕೊಳ್ಳಿ. ಒಬ್ಬರೇ ಮದ್ದು ತೆಗೆದುಕೊಂಡರೆ ರೋಗ ಇನ್ನೊಬ್ಬರಿಂದ ಮರಳುತ್ತದೆ. ಯಾರನ್ನು ಕೇಳಬೇಕೆಂದು ತೋಚದಿದ್ದರೆ 1097ಕ್ಕೆ ಕರೆಮಾಡಿ. ಕರೆ ಉಚಿತ, ಹೆಸರು ಹೇಳಬೇಕಿಲ್ಲ.