ಗಾಳಿಯ ಪಲ್ಲಕ್ಕಿ

ದ್ರೋಣವಧೆಯ ದಿನದವರೆಗೆ ಧರ್ಮರಾಯನ ರಥ ನೆಲದಿಂದ ನಾಲ್ಕಂಗುಲ ಮೇಲೆಯೇ ಸಂಚರಿಸುತ್ತಿತ್ತೆಂದು ಮಹಾಭಾರತ ಹೇಳುತ್ತದೆ. ಅಶ್ವತ್ಥಾಮನ ವಿಷಯದಲ್ಲಿ ಆತ ಅರ್ಧಸತ್ಯವೊಂದನ್ನು ನುಡಿದೊಡನೆ ಆ ರಥದ ಗಾಲಿಗಳೂ ಉಳಿದವರ ರಥಗಳಂತೆ ಮಣ್ಣನ್ನು ಮುಟ್ಟಿದವು. 1957ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದಿಂದ ಹೊರಬಂದ ಮೋಟಾರು ರಥವೊಂದು ಇಂಥದೇ ಭರವಸೆಯನ್ನು ಹೊತ್ತು ಬಂದಿತ್ತು. ಅದರ ಭಾರವನ್ನು ಹೊರುತ್ತಿದ್ದುದು ಉಕ್ಕಲ್ಲ, ಬರಿಯ ಗಾಳಿ. ಆದರೆ ಅದು ಕೆಳಗಿಳಿಯುವುದಕ್ಕೆ ಯಜಮಾನನು ಸುಳ್ಳು ನುಡಿಯಬೇಕಾಗಿರಲಿಲ್ಲ. ರಾತ್ರಿ ಷೆಡ್ಡಿನಲ್ಲಿ ನಿಲ್ಲಿಸಿ ನೆಮ್ಮದಿಯಾಗಿ ಮಲಗಿದರೆ ಸಾಕಾಗಿತ್ತು. ಬೆಳಿಗ್ಗೆ ಬಂದು ನೋಡಿದರೆ ಕಾರು ಒಂದು ಕಡೆಗೆ ವಾಲಿಕೊಂಡು, ಮಂಡಿಯೂರಿದ ಒಂಟೆಯಂತೆ ಕುಳಿತಿರುತ್ತಿತ್ತು.

ಆ ಕಾರಿನ ಹೆಸರು ಕ್ಯಾಡಿಲಾಕ್ ಎಲ್ಡೊರಾಡೊ ಬ್ರೂಮ್. ಜನರಲ್ ಮೋಟಾರ್ಸ್ ಸಂಸ್ಥೆಯವರು ತಮ್ಮ ಕೈಚಳಕವನ್ನೆಲ್ಲ ಒಂದೇ ವಾಹನದಲ್ಲಿ ತುಂಬಿ ಜಗತ್ತಿಗೆ ತೋರಿಸಬೇಕೆಂದು ಹೊರಟಾಗ ಹುಟ್ಟಿದ್ದು ಅದು. ಬೆಲೆ 13,074 ಡಾಲರು. ಅದೇ ಕಂಪನಿಯ ಸಾಮಾನ್ಯ ಕ್ಯಾಡಿಲಾಕ್ ಕಾರು 5,000 ಡಾಲರಿನ ಆಸುಪಾಸಿನಲ್ಲಿ ದೊರೆಯುತ್ತಿದ್ದ ಕಾಲ. ತುಕ್ಕು ಹಿಡಿಯದ ಉಕ್ಕಿನ ಮಾಡು, ನಡುವೆ ಕಂಬವಿಲ್ಲದೆ ದೇವಾಲಯದ ಜೋಡಿ ಬಾಗಿಲಿನಂತೆ ಎರಡೂ ದಿಕ್ಕಿಗೆ ತೆರೆಯುವ ಕದಗಳು, ಕುಳಿತವನ ಇಷ್ಟವನ್ನು ನೆನಪಿಟ್ಟುಕೊಂಡು ಹಿಂದೆ ಮುಂದೆ ಸರಿಯುವ ಆಸನ, ಅಯಸ್ಕಾಂತದ ಬಲದಿಂದ ಅಲುಗದೆ ನಿಲ್ಲುವ ಲೋಟಗಳು, ಮನೆಯಾಕೆಗೆಂದು ಒಂದು ಸುಗಂಧದ ಸೀಸೆ ಕೂಡ! 1957 ಮತ್ತು 1958ರ ಎರಡು ವರ್ಷಗಳಲ್ಲಿ ತಯಾರಾದವು ಒಟ್ಟು 704 ಮಾತ್ರ. ಇಷ್ಟೆಲ್ಲ ವೈಭವದ ತಳದಲ್ಲಿ, ನಾಲ್ಕು ಗಾಲಿಗಳ ಬಳಿ, ಉಕ್ಕಿನ ಸ್ಪ್ರಿಂಗುಗಳಿರಬೇಕಾದೆಡೆ ಗಾಳಿ ತುಂಬಿದ ರಬ್ಬರಿನ ಗುಮ್ಮಟಗಳಿದ್ದವು.

ವಾಹನಕ್ಕೆ ಸ್ಪ್ರಿಂಗು ಏಕೆ ಬೇಕೆಂಬುದನ್ನು ನಮ್ಮ ಹಿರಿಯರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಪಲ್ಲಕ್ಕಿ ಹೊರುವ ಬೋವಿಗಳು ಹೆಜ್ಜೆಗೆ ಹೆಜ್ಜೆ ಕೂಡಿಸಿ, ಮಂಡಿಯನ್ನು ತುಸು ಬಾಗಿಸಿ ನಡೆಯುತ್ತಿದ್ದರು. ನೆಲದ ಏರುತಗ್ಗುಗಳೆಲ್ಲ ಅವರ ಮೈಯಲ್ಲಿಯೇ ಇಂಗಿ, ಒಳಗೆ ಕುಳಿತವರಿಗೆ ತೂಗಾಟವಷ್ಟೇ ತಿಳಿಯುತ್ತಿತ್ತು. ಎತ್ತಿನ ಗಾಡಿಗೆ ಆ ಭಾಗ್ಯವಿಲ್ಲ. ಜಟಕಾ ಬಂಡಿಗೆ ಕಮಾನು ಪಟ್ಟಿಗಳು ಬಂದ ಮೇಲೆ ಪ್ರಯಾಣಿಕನ ಬೆನ್ನುಮೂಳೆಗೆ ಅಷ್ಟಿಷ್ಟು ವಿಶ್ರಾಂತಿ ದೊರೆಯಿತು. ಮೋಟಾರು ಯುಗದಲ್ಲಿ ಪಟ್ಟಿಯ ಜತೆಗೆ ಉಕ್ಕಿನ ಸುರುಳಿಯೂ ಬಂತು. ಎಷ್ಟು ಭಾರ ಹೇರಿದರೆ ಅಷ್ಟು ಕುಗ್ಗುವುದು, ಭಾರ ತೆಗೆದರೆ ಮೊದಲಿನಂತಾಗುವುದು, ಇದು ಸುರುಳಿಯ ಧರ್ಮ. ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ 1678ರಲ್ಲಿಯೇ ಈ ನಿಯಮವನ್ನು ಬರೆದು ಪ್ರಕಟಿಸಿದ್ದನು.

ಸುರುಳಿಯ ಈ ಪ್ರಾಮಾಣಿಕತೆಯೇ ಅದರ ದೋಷವೂ ಹೌದು. ಒಬ್ಬನೇ ಕುಳಿತಾಗಲೂ ಆರು ಮಂದಿ ಪೆಟ್ಟಿಗೆಗಳೊಡನೆ ಕುಳಿತಾಗಲೂ ಅದರ ಬಿಗಿ ಒಂದೇ. ಆರು ಮಂದಿಗೆಂದು ಬಿಗಿಯಾಗಿ ಮಾಡಿದರೆ ಒಬ್ಬನಿರುವಾಗ ಕಾರು ಕುಕ್ಕುತ್ತದೆ. ಒಬ್ಬನಿಗೆಂದು ಮೃದುವಾಗಿ ಮಾಡಿದರೆ ಆರು ಮಂದಿ ಹತ್ತಿದಾಗ ಹಿಂಭಾಗ ಕುಸಿದು, ದೀಪಗಳ ಬೆಳಕು ರಸ್ತೆಯನ್ನು ಬಿಟ್ಟು ಮರದ ತುದಿಗಳನ್ನು ಹುಡುಕುತ್ತದೆ. ಗಾಳಿಯ ಗುಣ ಬೇರೆ. ಅದನ್ನು ಒತ್ತಿದಷ್ಟೂ ಅದರ ಬಿಗಿ ತಾನಾಗಿ ಏರುತ್ತದೆ. ಭಾರ ಹೆಚ್ಚಿ ಕಾರು ತಗ್ಗಿತೆಂದರೆ ಪುಟ್ಟದೊಂದು ಕವಾಟ ತೆರೆದು ಇನ್ನಷ್ಟು ಗಾಳಿಯನ್ನು ಒಳಗೆ ಬಿಡುತ್ತದೆ. ಭಾರ ಇಳಿದರೆ ಹೊರಗೆ ಬಿಡುತ್ತದೆ. ಆದುದರಿಂದ ಕಾರಿನ ಎತ್ತರವೂ ಬದಲಾಗದು, ತೂಗಾಟದ ಲಯವೂ ಹೆಚ್ಚು ಕಡಿಮೆ ಹಾಗೆಯೇ ಉಳಿಯುತ್ತದೆ. ಕಾಗದದ ಮೇಲೆ ಇದಕ್ಕಿಂತ ಸೊಗಸಾದ ಉಪಾಯ ಇನ್ನೊಂದಿಲ್ಲ.

ಕಾಗದದ ಮೇಲೆ ಮಾತ್ರವಲ್ಲ, ಬಸ್ಸುಗಳಲ್ಲಿಯೂ ಅದು ಗೆದ್ದಿತ್ತು. 1954ರಲ್ಲಿ ಗ್ರೇಹೌಂಡ್ ಕಂಪನಿಯ ಸೀನಿಕ್ರೂಸರ್ ಬಸ್ಸುಗಳು ಗಾಳಿಯ ಮೇಲೆಯೇ ಅಮೆರಿಕದ ಉದ್ದಗಲಕ್ಕೂ ಓಡತೊಡಗಿದವು. ನಮ್ಮ ರಾಜ್ಯ ಸಾರಿಗೆಯ ಐರಾವತ ಬಸ್ಸಿನಲ್ಲಿ ರಾತ್ರಿಯೆಲ್ಲ ನಿದ್ರಿಸಿ ಬೆಳಗಿನ ಜಾವ ಊರು ತಲುಪಿದವರು ಆ ಸುಖವನ್ನು ಬಲ್ಲರು. ಬಸ್ಸಿನಲ್ಲಿ ಗೆದ್ದದ್ದು ಕಾರಿನಲ್ಲಿ ಸೋತದ್ದೇಕೆ? ದೊಡ್ಡ ಬಸ್ಸಿನ ಬ್ರೇಕು ಗಾಳಿಯದು. ಅದಕ್ಕೆಂದು ಗಾಳಿ ಒತ್ತುವ ಯಂತ್ರ, ಕೂಡಿಡುವ ತೊಟ್ಟಿ ಎಲ್ಲವೂ ಅಲ್ಲಿ ಮೊದಲೇ ಇರುತ್ತವೆ. ಸ್ಪ್ರಿಂಗು ಅದೇ ಮನೆಗೆ ಬಂದ ಇನ್ನೊಬ್ಬ ನೆಂಟ. ಬಸ್ಸು ದಿನವೂ ಓಡುತ್ತದೆ, ಡಿಪೋದಲ್ಲಿ ದಿನವೂ ಮೇಸ್ತ್ರಿ ನೋಡುತ್ತಾನೆ. ಖಾಲಿ ಬಸ್ಸಿಗೂ ತುಂಬಿದ ಬಸ್ಸಿಗೂ ಟನ್ನುಗಟ್ಟಲೆ ಅಂತರ. ಕಾರಿನಲ್ಲಾದರೋ ನಾಲ್ಕು ಜನರ ಅಂತರಕ್ಕಾಗಿ ಇಡೀ ಒಂದು ಗಾಳಿ ಕಾರ್ಖಾನೆಯನ್ನು ಹೊಸದಾಗಿ ಹೂಡಬೇಕಾಯಿತು.

ಆ ಕಾರ್ಖಾನೆ ಸೋರತೊಡಗಿತು. ಒತ್ತಿದ ಗಾಳಿಯಲ್ಲಿ ತೇವವಿರುತ್ತದೆ. ತೇವ ನೀರಾಗಿ ಕೊಳವೆಗಳಲ್ಲಿ ನಿಲ್ಲುತ್ತದೆ. ಚಳಿನಾಡಿನಲ್ಲಿ ಆ ನೀರು ಹೆಪ್ಪುಗಟ್ಟಿ ಕವಾಟವನ್ನು ಹಿಡಿದುಬಿಡುತ್ತದೆ. ರಬ್ಬರು ಹಳತಾದಂತೆ ಬಿರಿಯುತ್ತದೆ. ಸೂಜಿಮೊನೆಯಷ್ಟು ರಂಧ್ರವಾದರೂ ಸಾಕು, ಬೆಳಗಾಗುವುದರೊಳಗೆ ಒಂದು ಮೂಲೆ ನೆಲ ಹಿಡಿಯುತ್ತದೆ. ಹಣವಂತರಿಗೆ ರಿಪೇರಿಯ ಖರ್ಚು ದೊಡ್ಡದಲ್ಲ, ಅವಮಾನ ದೊಡ್ಡದು. ನೆರೆಯವನ ಅಗ್ಗದ ಕಾರು ನಿಂತೇ ಇರುವಾಗ ತನ್ನ 13,000 ಡಾಲರಿನ ಕಾರು ಕುಳಿತಿರುವುದನ್ನು ಯಾವ ಶ್ರೀಮಂತನು ಸಹಿಸಿಯಾನು? 1958ರಲ್ಲಿ ಷೆವ್ರೊಲೆಯಿಂದ ಮೊದಲುಗೊಂಡು ಬ್ಯುಯಿಕ್, ಪಾಂಟಿಯಾಕ್, ಓಲ್ಡ್ಸ್‌ಮೊಬೈಲ್‌ವರೆಗೆ ಕಂಪನಿಯ ಎಲ್ಲ ಹೆಸರಿನ ಕಾರುಗಳಿಗೂ ಗಾಳಿಯ ಸೌಲಭ್ಯವನ್ನು ಹೆಚ್ಚಿನ ಬೆಲೆಗೆ ನೀಡಲಾಗಿತ್ತು. ಕೊಂಡವರು ಕೆಲವರೇ, ಹೆಚ್ಚು ಕಾಲ ಕಳೆಯುವ ಮೊದಲೇ ಆ ಸೌಲಭ್ಯ ಬೆಲೆಪಟ್ಟಿಗಳಿಂದ ಮರೆಯಾಯಿತು.

ಬ್ರೂಮ್ ಕಾರಿನ ಒಡೆಯರಲ್ಲಿ ಹಲವರು ಮೇಸ್ತ್ರಿಯ ಬಳಿಗೆ ಹೋಗಿ, ಗಾಳಿಯನ್ನು ಕಿತ್ತು ಹಳೆಯ ಉಕ್ಕನ್ನೇ ಹಾಕಿಕೊಡು ಎಂದರು. ಕೇಳುವುದಕ್ಕೆ ಇದು ಸುಲಭ. ಒಂದು ಅನುಕೂಲವೂ ಇತ್ತು. ಕಮಾನು ಪಟ್ಟಿಯಾದರೆ ಭಾರ ಹೊರುವುದರ ಜತೆಗೆ ಅಚ್ಚನ್ನು ಅದರ ಸ್ಥಾನದಲ್ಲಿ ಹಿಡಿದಿಡುವ ಕೆಲಸವನ್ನೂ ಮಾಡುತ್ತದೆ. ಗಾಳಿಯ ಗುಮ್ಮಟಕ್ಕೆ ಅದು ಸಾಧ್ಯವಿಲ್ಲವಾದ್ದರಿಂದ ಅಚ್ಚನ್ನು ಹಿಡಿಯಲು ಪ್ರತ್ಯೇಕ ತೋಳುಗಳನ್ನು ಮೊದಲೇ ಜೋಡಿಸಿದ್ದರು. ಸುರುಳಿಗೂ ಭಾರ ಹೊರುವುದೊಂದೇ ಕೆಲಸ. ಗುಮ್ಮಟ ಖಾಲಿಮಾಡಿದ ಜಾಗದಲ್ಲಿ ಅದು ಸಹಜವಾಗಿ ಬಂದು ಕೂರಬಲ್ಲುದು.

ಆದರೆ ಯಾವ ಸುರುಳಿ? ಜಾಣ ಮೇಸ್ತ್ರಿಗೂ ಅವಸರದ ಮೇಸ್ತ್ರಿಗೂ ಇರುವ ವ್ಯತ್ಯಾಸ ಇಲ್ಲಿ ತಿಳಿಯುತ್ತದೆ. ಸುರುಳಿಯ ಬಿಗಿ ಅದರ ತಂತಿಯ ದಪ್ಪವನ್ನು ನಾಲ್ಕು ಸಲ ಗುಣಿಸಿದ ಪ್ರಮಾಣದಲ್ಲಿ ಏರುತ್ತದೆ. ತಂತಿ ನೂರಕ್ಕೆ ಹತ್ತರಷ್ಟು ದಪ್ಪವಾದರೆ ಬಿಗಿ ನೂರಕ್ಕೆ ನಲವತ್ತಾರರಷ್ಟು ಹೆಚ್ಚುತ್ತದೆ! ಸುತ್ತುಗಳ ಸಂಖ್ಯೆ ಕಡಿಮೆಯಾದರೂ, ಸುತ್ತಿನ ಅಗಲ ಕಿರಿದಾದರೂ ಬಿಗಿ ಏರುವುದೇ. ಕೈಗೆ ಸಿಕ್ಕಿದ ಗಟ್ಟಿ ಸ್ಪ್ರಿಂಗನ್ನು ತುರುಕಿದವನು ಪಲ್ಲಕ್ಕಿಯನ್ನು ಲಾರಿಯನ್ನಾಗಿ ಮಾಡಿ ಕಳುಹಿಸುತ್ತಾನೆ. ಎರಡು ಟನ್ನಿಗೂ ಮೀರಿದ ಆ ಕಾರಿನ ತೂಕವನ್ನು ಮುಂದೆಷ್ಟು ಹಿಂದೆಷ್ಟು ಎಂದು ಅಳೆದು, ಗಾಳಿ ಇದ್ದಾಗಿನ ಎತ್ತರವನ್ನು ಗುರುತು ಹಾಕಿಕೊಂಡು, ಸುರುಳಿಗೆ ತಕ್ಕ ಷಾಕ್ ಅಬ್ಸಾರ್ಬರುಗಳನ್ನೂ ಬದಲಿಸಿದರೆ ಮಾತ್ರ ಕೆಲಸ ಪೂರ್ತಿ. ಷಾಕ್ ಅಬ್ಸಾರ್ಬರು ಹೊಂದದಿದ್ದರೆ ಒಂದು ಹಳ್ಳವನ್ನು ದಾಟಿದ ಕಾರು ಮುಂದಿನ ಮೂರು ವಿದ್ಯುತ್ ಕಂಬಗಳವರೆಗೆ ತಲೆಯಾಡಿಸುತ್ತಲೇ ಇರುತ್ತದೆ.

ಸರಿಯಾಗಿ ಮಾಡಿದ ಬದಲಾವಣೆಯಲ್ಲಿ ಕಳೆದುಕೊಳ್ಳುವುದು ಬಹಳವಿಲ್ಲ. ಹಿಂದಿನ ಆಸನದಲ್ಲಿ ಮೂವರು ಕುಳಿತಾಗ ಕಾರು ತುಸು ತಗ್ಗುತ್ತದೆ, ಅಷ್ಟೇ. ಒಡೆಯನಿಗೆ ರಾತ್ರಿಯ ನಿದ್ರೆ ಮರಳಿ ದೊರೆಯುತ್ತದೆ.

ಇಷ್ಟಾದರೂ ಗಾಳಿಯ ಮೋಹ ಯಂತ್ರಶಿಲ್ಪಿಗಳನ್ನು ಬಿಡಲಿಲ್ಲ. ಜರ್ಮನಿಯ ಮರ್ಸಿಡಿಸ್ 1961ರಲ್ಲಿ ತನ್ನ 300 ಎಸ್‌ಇ ಕಾರಿಗೆ ಅದನ್ನು ಅಳವಡಿಸಿತು. 1984ರ ಲಿಂಕನ್ ಮಾರ್ಕ್ 7, 1990ರ ದಶಕದ ರೇಂಜ್ ರೋವರ್, 1998ರ ಮರ್ಸಿಡಿಸ್ ಎಸ್ ವರ್ಗ, ಹೀಗೆ ಪರಂಪರೆ ಬೆಳೆಯಿತು. ಕವಾಟಗಳನ್ನು ಈಗ ವಿದ್ಯುನ್ಮಾನ ಮಿದುಳು ಆಳುತ್ತದೆ. ಗಾಳಿಯನ್ನು ಒಣಗಿಸಿಯೇ ಒಳಗೆ ಬಿಡುತ್ತಾರೆ. ಒಳ್ಳೆಯ ರಸ್ತೆಯಲ್ಲಿ ಕಾರನ್ನು ತಗ್ಗಿಸಬಹುದು, ಬೆಂಗಳೂರಿನ ಬಡಾವಣೆಗಳ ರಸ್ತೆಯುಬ್ಬು ಎದುರಾದಾಗ ಏರಿಸಲೂಬಹುದು. ಕೆಲಸ ಹಿಂದಿಗಿಂತ ಎಷ್ಟೋ ನಂಬಿಕೆಯದು. ಆದರೆ ರಬ್ಬರು ರಬ್ಬರೇ. ಹೊಸ ಕಾರನ್ನು ಕೊಂಡವನು ಸುಖವನ್ನು ಅನುಭವಿಸಿ ಮಾರುತ್ತಾನೆ. ಹತ್ತು ವರ್ಷ ಕಳೆದ ಮೇಲೆ ಅಗ್ಗವೆಂದು ಕೊಂಡ ಎರಡನೆಯ ಯಜಮಾನನ ಪಾಲಿಗೆ ಬಿರಿದ ಚೀಲಗಳು ಬರುತ್ತವೆ. ಸೋರುವ ಚೀಲವನ್ನು ತುಂಬಿಸಲು ಹಗಲಿರುಳು ದುಡಿದ ಗಾಳಿಯಂತ್ರವೂ ಸುಟ್ಟುಹೋಗುತ್ತದೆ. ನಾಲ್ಕೂ ಮೂಲೆಗಳನ್ನು ಹೊಸದಾಗಿಸುವ ಲೆಕ್ಕವನ್ನು ಕೇಳಿದ ಮೇಲೆ ಆತನೂ ಉಕ್ಕಿನ ಸುರುಳಿಯ ಕಡೆಗೆ ನೋಡುತ್ತಾನೆ. ಈ ಬದಲಾವಣೆಗೆಂದೇ ಸಿದ್ಧಪಡಿಸಿದ ಸಾಮಾನುಗಳ ಪೆಟ್ಟಿಗೆಗಳು ಅಮೆರಿಕದಲ್ಲಿ ಮಾರಾಟಕ್ಕಿವೆ. ಒಂದೇ ತೊಡಕೆಂದರೆ ಆ ವಿದ್ಯುನ್ಮಾನ ಮಿದುಳು. ಕಾಣೆಯಾದ ಚೀಲಗಳನ್ನು ಅದು ಹುಡುಕುತ್ತಲೇ ಇರುತ್ತದೆ. ಸಿಗಲಿಲ್ಲವೆಂದು ಎದುರಿನ ಫಲಕದಲ್ಲಿ ದೀಪ ಹೊತ್ತಿಸಿ ದೂರುತ್ತದೆ. ಅದಕ್ಕೆ ಎಲ್ಲವೂ ಸ್ವಸ್ಥಾನದಲ್ಲಿದೆಯೆಂದು ಸುಳ್ಳು ಹೇಳುವ ಪುಟ್ಟ ಸಾಧನವನ್ನೂ ಪೆಟ್ಟಿಗೆಯಲ್ಲಿಟ್ಟು ಕೊಡುವವರಿದ್ದಾರೆ. ಧರ್ಮರಾಯನ ರಥಕ್ಕೂ ಇದಕ್ಕೂ ಇರುವ ಅಂತರ ನೋಡಿ: ಅಲ್ಲಿ ಸುಳ್ಳಿನಿಂದ ರಥ ಇಳಿಯಿತು, ಇಲ್ಲಿ ರಥ ನಿಂತ ಮೇಲೆ ಸುಳ್ಳು ಬೇಕಾಯಿತು.

ಬ್ರೂಮ್ ಕಾರುಗಳ ಕಥೆ ಮಾತ್ರ ಇನ್ನೊಂದು ಸುತ್ತು ತಿರುಗಿದೆ. ಉಳಿದಿರುವ ಆ ಕಾರುಗಳು ಈಗ ಸಂಗ್ರಾಹಕರ ಸೊತ್ತು. ಅಂದು ಹಗಲಿರುಳು ಓಡಾಡಲು ಕಾರು ಬೇಕಾಗಿತ್ತು. ಇಂದು ಹುಟ್ಟಿದಾಗ ಇದ್ದಂತೆಯೇ ಇರುವ ಕಾರು ಬೇಕು. ಉಕ್ಕಿನ ಮೇಲೆ ನಿಂತಿರುವ ಬ್ರೂಮ್ ಕಂಡರೆ ಪರಿಣತರು ಬಗ್ಗಿ ಗಾಲಿಯ ಸಂದಿಯನ್ನು ನೋಡಿ ಸ್ವಲ್ಪ ಮೋರೆ ಸಣ್ಣದು ಮಾಡುತ್ತಾರೆ. ಆದುದರಿಂದ ಸುರುಳಿಯನ್ನು ತೆಗೆದು ಗಾಳಿಯನ್ನು ಮರಳಿ ತುಂಬಿಸುವವರು ಹುಟ್ಟಿಕೊಂಡಿದ್ದಾರೆ. ಹೊಸ ರಬ್ಬರನ್ನು ಮಾಡಿಸಿಕೊಳ್ಳಬಹುದು. ಗುಮ್ಮಟಗಳನ್ನು, ಕವಾಟಗಳನ್ನು, ಗಾಳಿಯ ತೊಟ್ಟಿಯನ್ನು ಹುಡುಕಬೇಕು. ಅವನ್ನು ಎಷ್ಟೋ ಷೆಡ್ಡುಗಳಲ್ಲಿ ಮೇಸ್ತ್ರಿಗಳು ಕಿತ್ತ ದಿನವೇ ಗುಜರಿಗೆ ಹಾಕಿಬಿಟ್ಟಿದ್ದರು.