ಏಳು ಚೀಸ್‌ಬರ್ಗರ್, ಎರಡು ತವಾ, ಒಂದು ಹಾಟ್‌ಬಾಕ್ಸ್

ಭಾನುವಾರ ಅಕ್ಕ, ಭಾವ ಮಕ್ಕಳನ್ನು ಕರ್ಕೊಂಡು ಮನೆಗೆ ಬಂದರೆ ರಾತ್ರಿ ಊಟಕ್ಕೆ ಏನು ಅಂತ ಯಾರೂ ಕೇಳಲ್ಲ. ಚಪ್ಪಲಿ ಬಿಡೋಕೂ ಮೊದಲೇ ಮಕ್ಕಳಿಬ್ಬರೂ 'ಮಾಮ, ಬರ್ಗರ್' ಅಂತಾರೆ. ನಾನು ಫೋನ್ ತೆಗೀತೀನಿ. ಆರು ಚೀಸ್‌ಬರ್ಗರ್, ಡೆಲಿವರಿ ಚಾರ್ಜು, ಪ್ಯಾಕಿಂಗ್ ಚಾರ್ಜು, ಟ್ಯಾಕ್ಸು ಎಲ್ಲ ಸೇರಿ ಸಾವಿರದ ಮುನ್ನೂರು ದಾಟುತ್ತೆ. ಮುಕ್ಕಾಲು ಗಂಟೆ ಬಿಟ್ಟು ಪಾರ್ಸೆಲ್ ಬಂದಾಗ ಬನ್ನಿನ ತಳ ಒದ್ದೆ, ಅರ್ಧ ಚೀಸ್ ಪೇಪರಿನಲ್ಲಿ.

ಮನೆಯಲ್ಲಿ ಇರೋದು ಏಳು ಜನ, ಬರ್ಗರ್ ಮಾತ್ರ ಆರು. ಅಮ್ಮನಿಗೆ ತರಿಸಲ್ಲ. ಅಮ್ಮ ಮಾಂಸ ಬಿಟ್ಟು ಐದಾರು ವರ್ಷ ಆಯ್ತು. 'ನಂಗೆ ಅದೆಲ್ಲ ಸೇರಲ್ಲ ಕಣೋ, ಮಧ್ಯಾಹ್ನದ ಅನ್ನ ಸಾರು ಇದೆ' ಅಂತಾಳೆ. ಒಮ್ಮೆ ಹಠ ಮಾಡಿ ಅವಳಿಗೂ ವೆಜ್ ಬರ್ಗರ್ ತರಿಸಿದೆ. ಮಕ್ಕಳಿಗೆ ಬಿಚ್ಚಿಕೊಟ್ಟು, ಅಪ್ಪನಿಗೆ ತಟ್ಟೆ ಹಾಕಿ, ಎಲ್ಲರಿಗೂ ನೀರಿಟ್ಟು ಕೂರೋ ಹೊತ್ತಿಗೆ ಅದು ಪೂರ್ತಿ ತಣ್ಣಗಾಗಿತ್ತು. ಅರ್ಧ ತಿಂದು ಪಕ್ಕಕ್ಕಿಟ್ಟಳು. 'ನೋಡಿದ್ಯಾ, ಸೇರಲ್ಲ ಅಂದೆನಲ್ಲ.'

ಬಿಸಿ ಇರುವಾಗ ತಿಂದೇ ಇಲ್ಲದ ತಿಂಡಿ ಸೇರಲ್ಲ ಅಂತ ಗೊತ್ತಾಗೋದಾದರೂ ಹೇಗೆ? ಮನೆಯಲ್ಲೇ ಮಾಡೋಣ ಅಂತ ಹೊರಟಿದ್ದು ಅವತ್ತಿನಿಂದ.

ಮೊದಲ ಸಲ ಮಾಡಿದ್ದನ್ನು ಬರ್ಗರ್ ಅನ್ನೋಕೆ ನಾಚಿಕೆಯಾಗುತ್ತೆ. ಚಿಕನ್ ಕೀಮಾಗೆ ಶುಂಠಿ ಬೆಳ್ಳುಳ್ಳಿ ಪೇಸ್ಟು, ಗರಂ ಮಸಾಲೆ, ಕೊತ್ತಂಬರಿ ಸೊಪ್ಪು, ಮೊಟ್ಟೆ, ಬ್ರೆಡ್ ಪುಡಿ ಎಲ್ಲ ಸುರಿದು ದಪ್ಪ ದಪ್ಪ ಪ್ಯಾಟಿ ತಟ್ಟಿದೆ. ಹೊರಗೆ ಸೀದುಹೋಯಿತು, ಒಳಗೆ ಹಸಿ. ರುಚಿ ಕಟ್ಲೆಟ್ಟಿನದು. ಭಾವ ಮರ್ಯಾದಸ್ಥರು, 'ಕಬಾಬ್ ಚೆನ್ನಾಗಿದೆ' ಅಂದರು. ಅದಕ್ಕಿಂತ ಬೇಜಾರಿನ ವಿಷಯ ಬೇರೆ ಇತ್ತು. ಒಂದೊಂದಾಗಿ ಬೇಯಿಸಿ ಕೊಡ್ತಾ ಹೋದೆ. ಮಕ್ಕಳು ತಿಂದು ಟಿವಿ ಮುಂದೆ ಹೋದರು, ಅಪ್ಪ ತಿಂದು ಕೈ ತೊಳೆದರು. ಕೊನೆಗೆ ಉಳಿದವರು ತವಾ ಹತ್ತಿರ ನಿಂತಿದ್ದ ನಾನು, ನನಗೆ ಸಹಾಯ ಮಾಡ್ತಾ ನಿಂತಿದ್ದ ಅಮ್ಮ. ನಮ್ಮನೆಯಲ್ಲಿ ದೋಸೆ ದಿನವೂ ಹೀಗೇ ಆಗೋದು. ಎಲ್ಲರಿಗೂ ಬಿಸಿ ಬಿಸಿ ಹುಯ್ದು ಕೊಟ್ಟು, ಕೊನೆಯ ಎರಡು ದೋಸೆಯನ್ನು ಅಮ್ಮ ಅಡುಗೆಮನೆಯಲ್ಲೇ ತಿಂದಿರ್ತಾಳೆ. ಇಷ್ಟು ವರ್ಷ ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಆಫೀಸಿನಲ್ಲಿ ಇಂಥದ್ದಕ್ಕೆ ಬಾಟಲ್‌ನೆಕ್ ಅಂತೀವಿ. ಎಲ್ಲ ಕೆಲಸವೂ ಒಂದೇ ಬಾಗಿಲಲ್ಲಿ ನುಗ್ಗಬೇಕು, ಆ ಬಾಗಿಲು ತವಾ. ಈ ತೊಂದರೆಯನ್ನು ನನಗಿಂತ ಮೊದಲೇ ತಲೆಗೆ ಹಚ್ಚಿಕೊಂಡವರು ಅಮೆರಿಕದ ಅಣ್ಣತಮ್ಮಂದಿರಿಬ್ಬರು, ರಿಚರ್ಡ್ ಮತ್ತು ಮಾರಿಸ್ ಮೆಕ್‌ಡೊನಾಲ್ಡ್. ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊದಲ್ಲಿ ಚೆನ್ನಾಗಿ ನಡೀತಿದ್ದ ಹೋಟೆಲನ್ನೇ ಮುಚ್ಚಿ, ಮೆನುವಿನಲ್ಲಿದ್ದ ಬಹುಪಾಲು ತಿಂಡಿ ಕಿತ್ತುಹಾಕಿ, 1948ರಲ್ಲಿ ಹೊಸ ಪದ್ಧತಿಯಲ್ಲಿ ತೆರೆದರು. ಹ್ಯಾಂಬರ್ಗರ್ ಬೆಲೆ 15 ಸೆಂಟ್. ಒಬ್ಬ ಪ್ಯಾಟಿ ಮಾತ್ರ ನೋಡ್ಕೋತಾನೆ, ಇನ್ನೊಬ್ಬ ಬನ್ನು, ಮತ್ತೊಬ್ಬ ಸುತ್ತೋದು. ಮುಂದೆ ಅಡುಗೆಮನೆಯನ್ನು ದೊಡ್ಡದು ಮಾಡುವಾಗ ಅದರ ನಕ್ಷೆಯನ್ನು ಟೆನಿಸ್ ಕೋರ್ಟಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು, ಕೆಲಸದವರನ್ನು ಅದರೊಳಗೆ ಓಡಾಡಿಸಿ, ಯಾರು ಯಾರಿಗೆ ಡಿಕ್ಕಿ ಹೊಡೀತಾರೆ ಅಂತ ನೋಡಿ ತಿದ್ದಿದರಂತೆ. ನನಗೆ ಟೆನಿಸ್ ಕೋರ್ಟ್ ಇಲ್ಲ. ಕರೆಂಟ್ ಬಿಲ್ಲಿನ ಹಿಂದೆ ಪೆನ್ಸಿಲ್ಲಲ್ಲಿ ಬರೆದುಕೊಂಡೆ.

ಬರೆದಾಗಲೇ ಹೊಳೆದಿದ್ದು: ಪಾರ್ಸೆಲ್ ಬರ್ಗರಿನ ಗುಟ್ಟಿರೋದು ಮಸಾಲೆಯಲ್ಲಲ್ಲ, ಸುತ್ತುವ ಪೇಪರಿನಲ್ಲಿ. ದೋಸೆ ತವಾದಿಂದ ತೆಗೆದ ಕ್ಷಣದಿಂದ ಕೆಡ್ತಾ ಹೋಗುತ್ತೆ. ಬರ್ಗರ್ ಹಾಗಲ್ಲ. ಬಿಸಿಯಾಗಿ ಪೇಪರಲ್ಲಿ ಸುತ್ತಿಟ್ಟರೆ ಪ್ಯಾಟಿಯ ಹಬೆಗೆ ಬನ್ನು ಮೆತ್ತಗಾಗುತ್ತೆ, ಚೀಸ್ ಕರಗಿ ಸಾಸಿನ ಜೊತೆ ಸೇರುತ್ತೆ, ಐದು ನಿಮಿಷದಲ್ಲಿ ಇನ್ನೂ ರುಚಿಯಾಗುತ್ತೆ. ಹತ್ತು ಹದಿನೈದು ನಿಮಿಷ ತಡೆಯುತ್ತೆ. ಮುಕ್ಕಾಲು ಗಂಟೆ ಸ್ಕೂಟರಿನ ಡಬ್ಬಿಯಲ್ಲಿ ಕೂತರೆ ಮಾತ್ರ ಅದೇ ಹಬೆ ನೀರಾಗಿ ಬನ್ನನ್ನು ಕೆಡಿಸುತ್ತೆ. ಅಂದರೆ ಆ ಹತ್ತು ಹದಿನೈದು ನಿಮಿಷದೊಳಗೆ ಏಳೂ ಬರ್ಗರ್ ಮುಗಿಸಿದರೆ ಎಲ್ಲರೂ ಒಟ್ಟಿಗೆ ಕೂರಬಹುದು. ಮಾಡಿದವರೂ.

ಇನ್ನು ಮಾಡೋ ವಿಷಯ. ಚಿಕನ್ ಅಂಗಡಿಯಲ್ಲಿ ಲೆಗ್ ಬೋನ್‌ಲೆಸ್ ಅರ್ಧ ಕೆಜಿ ಕೇಳಿ, ತೊಳೆದು ನೀರು ಒರೆಸಿಯೇ ಕೀಮಾ ಮಾಡಿಸಿ. ಕೀಮಾ ಆದಮೇಲೆ ತೊಳೆದರೆ ನೀರು ಹಿಡಿದುಕೊಂಡುಬಿಡುತ್ತೆ. ಎದೆಯ ಮಾಂಸ ಬೇಡ, ಒಣಗುತ್ತೆ. ಅಮೆರಿಕದಲ್ಲಿ ಬರ್ಗರಿಗೆ ಹಾಕೋ ಬೀಫಿನಲ್ಲಿ ಸಾಮಾನ್ಯವಾಗಿ ಶೇಕಡಾ 20ರಷ್ಟು ಕೊಬ್ಬು ಇರುತ್ತೆ, ರಸ ಬರೋದು ಅದರಿಂದಲೇ. ಚಿಕನ್ನಿನಲ್ಲಿ ಅಷ್ಟಿಲ್ಲ. ಅದಕ್ಕೆ 50 ಗ್ರಾಂ ಗಟ್ಟಿ ಬೆಣ್ಣೆಯನ್ನು ಫ್ರೀಜರಿಂದ ತೆಗೆದು ತುರಿದು ಹಾಕ್ತೀನಿ. ಬೇರೆ ಏನೂ ಹಾಕಲ್ಲ. ಉಪ್ಪು ಕೂಡ ಹಾಕಲ್ಲ. ಮೊದಲೇ ಉಪ್ಪು ಕಲಸಿದರೆ ಮಾಂಸದ ಪ್ರೋಟೀನ್ ಬಿಟ್ಟುಕೊಂಡು ಒಂದಕ್ಕೊಂದು ಅಂಟಿ, ಪ್ಯಾಟಿ ಸಾಸೇಜಿನ ಥರ ರಬ್ಬರಾಗುತ್ತೆ. ಉಪ್ಪು, ಮೆಣಸಿನ ಪುಡಿ ಎರಡೂ ತವಾಗೆ ಹಾಕಿದ ಮೇಲೆ, ಮೇಲಿಂದ.

50 ಗ್ರಾಮಿನ ಹತ್ತು ಉಂಡೆ ಮಾಡಿ. ಬೆಣ್ಣೆಯೂ ಸೇರಿರೋದರಿಂದ ಸ್ವಲ್ಪ ಮಿಗುತ್ತೆ, ಅದು ಅಡುಗೆಯವರ ಪಾಲು. ದೊಡ್ಡವರು ನಾಲ್ಕು ಜನಕ್ಕೆ ಎರಡೆರಡು, ಮಕ್ಕಳಿಗೆ ಒಂದೊಂದು. ಎರಡು ಬಟರ್ ಪೇಪರ್ ಮಧ್ಯೆ ಉಂಡೆ ಇಟ್ಟು ಪಾತ್ರೆಯ ತಳದಿಂದ ಒತ್ತಿ, ಬನ್ನಿಗಿಂತ ಒಂದು ಬೆರಳು ಅಗಲ ಮಾಡಿ, ಬೆಂದಾಗ ಕುಗ್ಗುತ್ತೆ. ಪೇಪರ್ ಸಮೇತ ಕಾಲು ಗಂಟೆ ಫ್ರೀಜರಿಗೆ. ವಿಡಿಯೋಗಳಲ್ಲಿ ತವಾ ಮೇಲೆಯೇ ಉಂಡೆ ಇಟ್ಟು ಜಜ್ಜುತ್ತಾರಲ್ಲ, ಬೀಫಿಗೆ ಅದು ಸರಿ. ಚಿಕನ್ ಕೀಮಾ ಮಾತ್ರ ಸೌಟಿಗೆ ಅಂಟಿ ಮಾನ ತೆಗೆಯುತ್ತೆ.

ತೆಳ್ಳಗೆ ಯಾಕೆ ಅಂದ್ರೆ, ಪಾರ್ಸೆಲ್ ಬರ್ಗರಿನ ಆ ವಾಸನೆ ಇರೋದು ಮೇಲಿನ ಕಂದು ಪದರದಲ್ಲಿ. ಪ್ರೋಟೀನು, ಸಕ್ಕರೆ ಅಂಶ ಎರಡೂ ಬಿಸಿಗೆ ಸೇರಿ ಹೊಸ ರುಚಿ ಹುಟ್ಟೋದನ್ನು 1912ರಲ್ಲಿ ವಿವರಿಸಿದವರು ಫ್ರಾನ್ಸಿನ ರಸಾಯನ ವಿಜ್ಞಾನಿ ಲೂಯಿ ಕಮೀಲ್ ಮೈಯಾರ್. ಅಡುಗೆಯಲ್ಲಿ ಅದು ಜೋರಾಗಿ ನಡೆಯೋಕೆ ಸುಮಾರು 140 ಡಿಗ್ರಿ ಬೇಕು. ತವಾದಲ್ಲಿ ನೀರಿದ್ದರೆ ಅದು ಆರುವವರೆಗೂ ಬಿಸಿ 100ರ ಹತ್ತಿರವೇ ನಿಲ್ಲುತ್ತೆ. ಆಗ ಮಾಂಸ ಹುರಿಯಲ್ಲ, ಬೇಯುತ್ತೆ ಅಷ್ಟೆ. ಅದಕ್ಕೇ ದೊಡ್ಡ ಕಬ್ಬಿಣದ ತವಾದಲ್ಲೂ ಒಂದು ಸಲಕ್ಕೆ ನಾಲ್ಕಕ್ಕಿಂತ ಜಾಸ್ತಿ ಹಾಕಬೇಡಿ. ತವಾ ಕಾದಿದೆಯಾ ಅಂತ ತಿಳಿಯೋಕೆ ದೋಸೆಗೆ ಮಾಡ್ತೀವಲ್ಲ, ನೀರು ಚಿಮುಕಿಸಿ ನೋಡೋದು, ಅಷ್ಟು ಸಾಕು.

ಚೀಸ್ ವಿಷಯದಲ್ಲಿ ನನ್ನ ಜಂಭ ಇಳೀತು. ಒಳ್ಳೇದಿರಲಿ ಅಂತ ದುಬಾರಿ ಚೆಡ್ಡಾರ್ ತಂದು ತುರಿದು ಹಾಕಿದ್ದೆ. ಎಣ್ಣೆ ಒಂದು ಕಡೆ, ದಾರದಂಥ ಮುದ್ದೆ ಇನ್ನೊಂದು ಕಡೆ. ಬೇಕಾಗಿರೋದು ಮಾಮೂಲಿ ಪ್ರೋಸೆಸ್ಡ್ ಚೀಸ್ ಸ್ಲೈಸೇ. ಅದರಲ್ಲಿ ಸೋಡಿಯಂ ಸಿಟ್ರೇಟಿನಂಥ ಲವಣ ಹಾಕಿರ್ತಾರೆ. ಅದು ಹಾಲಿನ ಪ್ರೋಟೀನನ್ನು ಬಿಗಿಹಿಡಿದಿರೋ ಕ್ಯಾಲ್ಸಿಯಂ ಅನ್ನು ಸೆಳೆದುಕೊಂಡು, ಕೊಬ್ಬು ನೀರು ಬೇರೆಯಾಗದ ಹಾಗೆ ನೋಡಿಕೊಳ್ಳುತ್ತೆ. ಅದಕ್ಕೇ ಸ್ಲೈಸು ಒಡೆಯದೆ ಹೊದಿಕೆ ಥರ ಇಳಿಯುತ್ತೆ. ಆದರೆ ಅದರಲ್ಲೇ ಉಪ್ಪು ಸಾಕಷ್ಟಿದೆ. ಅಪ್ಪನಿಗೆ ಬಿಪಿ ಇರೋದರಿಂದ ಅವರ ಪ್ಯಾಟಿಗೆ ನಾನು ಉಪ್ಪು ಉದುರಿಸಲ್ಲ. ಅವರಿಗೆ ಇವತ್ತಿಗೂ ಗೊತ್ತಾಗಿಲ್ಲ.

ಸಾಸಿಗೆ ನಾಲ್ಕು ಚಮಚ ಎಗ್‌ಲೆಸ್ ಮೇಯನೇಸ್, ಎರಡು ಚಮಚ ಕೆಚಪ್, ಅರ್ಧ ಚಮಚ ಸಾಸಿವೆ ಪೇಸ್ಟ್, ಸಣ್ಣಗೆ ಹೆಚ್ಚಿದ ಉಪ್ಪಿನ ಮಿಡಿಸೌತೆ. ಬರ್ಗರಿನೊಳಗೆ ಹುಳಿಹುಳಿಯಾಗಿ ಕಟುಂ ಅನ್ನೋ ಆ ಮಿಡಿಸೌತೆಯನ್ನು 1990ರ ದಶಕದಿಂದ ನಮ್ಮ ರಾಜ್ಯದ ರೈತರೇ ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡು ಬೆಳೀತಾರೆ, ಬಹುಪಾಲು ಹೊರದೇಶಕ್ಕೆ ಹೋಗುತ್ತೆ. ನನಗೆ ಬೀದಿ ಕೊನೆಯ ಅಂಗಡಿಯಲ್ಲಿ ಸಿಗಲಿಲ್ಲ. ಮಾಮೂಲಿ ಸೌತೆಕಾಯಿ ಬಿಲ್ಲೆಯನ್ನು ವಿನಿಗರ್, ಉಪ್ಪು, ಚಿಟಿಕೆ ಸಕ್ಕರೆಯಲ್ಲಿ ಅರ್ಧ ಗಂಟೆ ನೆನೆಸಿದೆ. ಪರವಾಗಿಲ್ಲ.

ಅಮ್ಮನದು ಬೇರೆ ತವಾ. ಮಾಂಸ ಮುಟ್ಟಿದ ತವಾ ಅವಳಿಗೆ ಆಗಲ್ಲ, ಆ ಮಾತಿನಲ್ಲಿ ಚರ್ಚೆ ಇಲ್ಲ. ಬೇಯಿಸಿದ ಆಲೂಗಡ್ಡೆ, ಬಟಾಣಿ, ಹಸಿಮೆಣಸಿನಕಾಯಿ, ಜೀರಿಗೆ, ಉಪ್ಪು ಕಲಸಿ ತಟ್ಟಿ, ತರಿತರಿಯಾಗಿ ಪುಡಿ ಮಾಡಿದ ಅವಲಕ್ಕಿಯಲ್ಲಿ ಹೊರಳಿಸಿ ಎಣ್ಣೆಯಲ್ಲಿ ಕೆಂಪಗೆ ಮಾಡೋದು. ಇದು ಎರಡನೇ ದರ್ಜೆ ಬರ್ಗರ್ ಅಂತ ಅಂದುಕೊಳ್ಳಬೇಡಿ. 1996ರಲ್ಲಿ ಮೆಕ್‌ಡೊನಾಲ್ಡ್ಸ್ ದೆಹಲಿಯಲ್ಲಿ ಮೊದಲ ಅಂಗಡಿ ತೆರೆದಾಗ ಬೀಫು, ಪೋರ್ಕು ಎರಡನ್ನೂ ಬಿಟ್ಟೇ ಬಂದಿತ್ತು. ನಮ್ಮ ವಯಸ್ಸಿನ ಎಷ್ಟೋ ಜನ ಕಚ್ಚಿದ ಮೊದಲ ಬರ್ಗರ್ ಆಲೂ ಟಿಕ್ಕಿಯದೇ. ಮೇಯನೇಸ್, ಚೀಸ್ ಎರಡರ ಮೇಲೂ ಹಸಿರು ಚುಕ್ಕೆ ಇದೆಯಾ ನೋಡಿಕೊಳ್ಳಿ.

ಹೋದ ತಿಂಗಳ ಭಾನುವಾರ ಎಂಟು ಗಂಟೆಗೆ ಶುರು ಮಾಡಿದೆವು. ಭಾವ ಬನ್ನು ಸೀಳಿದರು. ಅಕ್ಕ ಬೆಣ್ಣೆ ಸವರಿ, ಒಳಮೈ ಕೆಂಪಗಾಗೋ ತನಕ ಅಮ್ಮನ ತವಾದಲ್ಲೇ ಎಲ್ಲ ಬನ್ನು ಸುಟ್ಟಳು. ಆ ಕೆಂಪು ಪದರ ಇದ್ದರೆ ರಸ ಬೇಗ ಒಳಗಿಳಿಯಲ್ಲ, ಈ ಹಂತ ಬಿಡಲೇಬೇಡಿ. ಅಕ್ಕನ ಮಗ ಸಾಸು, ಮಗಳು ಈರುಳ್ಳಿ. ಸಣ್ಣ ತವಾದಲ್ಲಿ ಅಮ್ಮನ ಆಲೂ ಪ್ಯಾಟಿ, ದೊಡ್ಡದರಲ್ಲಿ ಚಿಕನ್. ಒಂದು ಕಡೆ ಎರಡು ನಿಮಿಷ, ತಿರುಗಿಸಿ, ಮೇಲೆ ಚೀಸ್ ಇಟ್ಟು ಇನ್ನೊಂದೂವರೆ ನಿಮಿಷ. ಮೊದಲನೆಯದನ್ನು ಮುರಿದು ನೋಡಿದೆ, ಚಿಕನ್ನಿನಲ್ಲಿ ನಸುಗೆಂಪು ಉಳೀಬಾರದು. ಅಡುಗೆ ಥರ್ಮಾಮೀಟರ್ ಇದ್ದವರು ಒಳಗೆ 74 ಡಿಗ್ರಿ ದಾಟಿದೆಯಾ ನೋಡಿ. ನಾಲ್ಕು, ನಾಲ್ಕು, ಎರಡು. ಮೂರು ಸುತ್ತಿಗೆ ಹದಿಮೂರು ನಿಮಿಷ.

ಸುತ್ತೋ ಕೆಲಸ ಅಪ್ಪನದು. ರಿಟೈರ್ ಆಗೋ ತನಕ ಫೈಲು ಕಟ್ಟಿದ ಕೈ, ಒಂದು ಮಡಿಕೆಯೂ ಸಡಿಲ ಇರಲಿಲ್ಲ. 'ನ್ಯೂಸ್ ಪೇಪರ್ ಸಾಲದಾ' ಅಂತ ಕೇಳಿದರು. ಸಾಲದು, ಅದರ ಮಸಿ ತಿಂಡಿಗೆ ಇಳಿಯುತ್ತೆ, ಎಫ್‌ಎಸ್‌ಎಸ್‌ಎಐ ಕೂಡ ಬೇಡ ಅಂದಿದೆ. ಬಟರ್ ಪೇಪರ್ರೇ. ಅಮ್ಮನದರ ಮೇಲೆ ಮಗಳು ಪೆನ್ನಲ್ಲಿ 'ಅಜ್ಜಿ' ಅಂತ ಬರೆದಳು, ಅದು ಬೇರೆ ಡಬ್ಬಿಗೆ ಹೋಯಿತು. ಉಳಿದವೆಲ್ಲ ಚಪಾತಿಯ ಹಾಟ್‌ಬಾಕ್ಸಿಗೆ.

ಅಷ್ಟೂ ಹೊತ್ತು ಅಮ್ಮನಿಗೆ ಕೆಲಸ ಇರಲಿಲ್ಲ. ಎರಡು ಸಲ ಎದ್ದು ಬಂದಳು, ಎರಡು ಸಲವೂ ಅಕ್ಕ ವಾಪಸ್ ಕಳಿಸಿದಳು. ಸ್ಟೌ ಆರಿಸಿ ಏಳು ಜನ ಒಟ್ಟಿಗೆ ಕೂತೆವು, ಪೇಪರ್ ಬಿಚ್ಚೋ ಸದ್ದು ಒಟ್ಟಿಗೆ ಬಂತು. ಅಮ್ಮನದರಿಂದ ಇನ್ನೂ ಹಬೆ ಬರ್ತಿತ್ತು. ಎರಡು ತುತ್ತು ತಿಂದು 'ಈರುಳ್ಳಿ ಜಾಸ್ತಿ ಆಯ್ತು' ಅಂದಳು. ಆಮೇಲೆ ಮಾತಾಡದೆ ಪೂರ್ತಿ ತಿಂದು, ಪೇಪರಿಗೆ ಅಂಟಿದ್ದ ಚೀಸನ್ನೂ ಬೆರಳಲ್ಲಿ ತೆಗೆದಳು.

ಕೈ ತೊಳೆಯುವಾಗ ಕೇಳಿದಳು: 'ದೋಸೆನೂ ಹಿಂಗೇ ಕಟ್ಟಿಡಬೋದೇನೋ?'

'ಆಗಲ್ಲಮ್ಮ, ಮೆತ್ತಗಾಗಿಹೋಗುತ್ತೆ.'

'ಹಂಗಾದ್ರೆ ಮುಂದಿನ ಭಾನುವಾರ ನೀನೇ ಹುಯ್ಯಿ. ನಾನು ಇಲ್ಲೇ ಕೂತಿರ್ತೀನಿ.'

ಮೂರು ಭಾನುವಾರದಿಂದ ಹುಯ್ತಾ ಇದೀನಿ. ಒಂದೂ ಇನ್ನೂ ಗುಂಡಗೆ ಬಂದಿಲ್ಲ.